ಜೊತೆ ತುಳಿಯಲು ಭಾರ ಹಂಚುವ ಬಗೆ: ನನ್ನ ಅನುಭವ

ಕಾಲಿನ ಬಲ ಬೇರೆಬೇರೆ ಇರುವ ಇಬ್ಬರು ಸೈಕಲ್‌ನಲ್ಲಿ ದಿನಕ್ಕೆ 80–90 ಕಿಲೋಮೀಟರ್‌ನಂತೆ ವಾರಗಟ್ಟಲೆ ಜೊತೆಯಲ್ಲಿ ಸಾಗುವುದು ಆಗದ ಮಾತು, ಮೊದಲ ದೊಡ್ಡ ಏರಿನಲ್ಲೇ ಬೇರೆಯಾಗುತ್ತೀರಿ ಎಂದವರೇ ಹೆಚ್ಚು. ನಾನೂ ಗೆಳೆಯನೂ ಕೊನೆತನಕ ಒಟ್ಟಿಗೇ ಹೋದೆವು. ಸಾಧ್ಯವಾದದ್ದು ಸಾಮಾನು ಹಂಚಿಕೊಂಡ ರೀತಿಯಿಂದ.

ಏರಿನಲ್ಲಿ ನೋಡಬೇಕಾದದ್ದು ಒಟ್ಟು ಭಾರದ ಕಿಲೋ ಒಂದಕ್ಕೆ ಕಾಲು ಎಷ್ಟು ವಾಟ್ ಶಕ್ತಿ ಕೊಡುತ್ತದೆ ಎಂಬುದು. ಸೈಕಲ್ ಸೇರಿ ನಾನು ಸುಮಾರು 85 ಕಿಲೋ, 200 ವಾಟ್. ಅವನು 75 ಕಿಲೋ, 160 ವಾಟ್. 24 ಕಿಲೋ ಸಾಮಾನನ್ನು ಸಮಪಾಲು ಮಾಡಿದರೆ ನನಗೆ 2.06, ಅವನಿಗೆ 1.84. ಒಂದು ಗಂಟೆಯ ಏರಿಗೆ ಏಳು ನಿಮಿಷದ ಅಂತರ! ನಾನು 18 ಕಿಲೋ, ಅವನು 6 ಕಿಲೋ ಹೊತ್ತರೆ 1.94 ಮತ್ತು 1.98, ಹೆಚ್ಚುಕಡಿಮೆ ಸಮ. ನೀರೂ ಲೀಟರಿಗೆ ಒಂದು ಕಿಲೋ. ಹಾಗಾಗಿ ಉದ್ದನೆಯ ಏರಿಗೆ ಮುಂಚೆ ಅವನ ಬಾಟಲಿಯೂ ನನ್ನ ಸೈಕಲ್‌ಗೆ. ಸಮತಟ್ಟಿನಲ್ಲಿ ಭಾರಕ್ಕಿಂತ ಗಾಳಿಯದೇ ಕಾಟ. ಅಲ್ಲಿ ಅವನು ನನ್ನ ಹಿಂಚಕ್ರದ ಮರೆಯಲ್ಲಿ.

ತೊಂದರೆ ಎದ್ದದ್ದು ಹಿಂಚಕ್ರದಲ್ಲಿ. 18 ಕಿಲೋ ಪೂರ್ತಿ ಹಿಂದಿನ ಕ್ಯಾರಿಯರ್ ಮೇಲಿದ್ದಾಗ, 32 ಕಡ್ಡಿಯ (ಸ್ಪೋಕ್) ಕಾರ್ಖಾನೆ ಚಕ್ರದಲ್ಲಿ ಕಡ್ಡಿಗಳು ಹಬ್ (ಚಕ್ರದ ನಡುಭಾಗ) ಬಳಿಯ ಬಾಗಿನಲ್ಲೇ ಒಂದಾದ ಮೇಲೊಂದು ಮುರಿದವು. ಬಿಗಿತ ಸಾಲದ ಕಡ್ಡಿ ಪ್ರತಿ ಸುತ್ತಿಗೂ ಸಡಿಲಾಗಿ ಬಿಗಿಯಾಗಿ ದಣಿಯುತ್ತದೆ, ಮುರಿಯಲು ಅದೇ ಕಾರಣ. ಗೇರ್ ಬದಿಯದು ಮುರಿದರೆ ಕ್ಯಾಸೆಟ್, ಅಂದರೆ ಹಿಂಚಕ್ರದ ಹಲ್ಲುಚಕ್ರಗಳ ಗೊಂಚಲು, ಬಿಚ್ಚದೆ ಹೊಸದು ಹಾಕಲಾಗದು. ಅದನ್ನು ಬಿಚ್ಚುವ ಟೂಲ್ ಚೀಲದಲ್ಲಿರಲಿ. ಹಗುರ ಫ್ರೇಮಿನ ಆಸೆ ಬಿಟ್ಟು, ಆ ದುಡ್ಡನ್ನು ಕೈಯಲ್ಲಿ ಕಟ್ಟಿಸಿದ 36 ಕಡ್ಡಿಯ ಚಕ್ರಕ್ಕೆ ಸುರಿದೆ. ಭಾರವನ್ನೂ ಹಿಂದೆ 11, ಮುಂದೆ 7 ಎಂದು ಒಡೆದೆ. ಆಮೇಲೆ ಒಂದು ಕಡ್ಡಿಯೂ ಹೋಗಲಿಲ್ಲ. ಮುಂದಿನ ಚೀಲಗಳು ತೂಗಾಡದಂತೆ ಬಿಗಿಯುವ ಕಟ್ಟು ಮಾತ್ರ ಸದ್ಯಕ್ಕೆ ನನ್ನಲ್ಲೇ ಇರಲಿ.

ದುಡ್ಡು ಉಳಿದದ್ದು ಬಿಡಿಭಾಗಗಳಲ್ಲಿ. ಎರಡೂ ಸೈಕಲ್‌ಗೆ 622 ಎಂಎಂ ರಿಮ್, 35 ಎಂಎಂ ಟೈರ್, ಒಂದೇ ಬಗೆಯ ವಾಲ್ವ್, 9 ಸ್ಪೀಡ್ ಚೈನ್ (ಹಿಂದೆ ಒಂಬತ್ತು ಗೇರ್‌ಗೆ ಹೊಂದುವಂಥದು). ಮಡಚುವ ಟೈರ್ ಒಂದು, ಟ್ಯೂಬ್ ನಾಲ್ಕು, ತುಂಡಾದ ಚೈನ್ ಕೂಡಿಸುವ ಕೊಂಡಿ, ಅಂದರೆ ಕ್ವಿಕ್ ಲಿಂಕ್, ಎರಡು ಇಬ್ಬರಿಗೂ ಸಾಕಾಯಿತು, ಖರ್ಚು ಅರ್ಧಕ್ಕಿಳಿಯಿತು. ಒಬ್ಬರದು 11 ಸ್ಪೀಡ್ ಆಗಿದ್ದರೆ ಒಂದೇ ಲಿಂಕ್ ಇಬ್ಬರಿಗೂ ಹೊಂದದು. ಚೈನ್‌ನ 12 ಇಂಚು, ಅಂದರೆ 304.8 ಎಂಎಂ, ಹಿಗ್ಗಿ 306.4 ಆದಾಗ ಬದಲಿಸಿದೆವು. ತಡಮಾಡಿದರೆ ಕ್ಯಾಸೆಟ್ಟೂ ಸವೆದು ಚೈನ್‌ಗಿಂತ ದುಬಾರಿಯ ಬಾಬ್ತು ಬೀಳುತ್ತದೆ.

ಎಲಾಸ್ಟಿಕ್ ಹಗ್ಗ ಕಟ್ಟಿ ಅವನನ್ನು ಏರಿನಲ್ಲಿ ಎಳೆಯುವುದನ್ನೂ ನೋಡಿದೆವು. ಬರಿ ಸೈಕಲ್‌ಗೆ ಅದು ಒಗ್ಗುತ್ತದೆ; ಚೀಲ ಹೇರಿದ ಮೇಲೆ ಹ್ಯಾಂಡಲ್ ಅತ್ತಿತ್ತ ಓಲಾಡಿ ಕೈಬಿಟ್ಟೆವು. ಗಾಳಿಯ ಒತ್ತಡ ಹಿಂದೆ 60, ಮುಂದೆ 50 ಪಿಎಸ್‌ಐ ಆಸುಪಾಸು. ಜಲ್ಲಿ ದಾರಿಯಲ್ಲಿ ಹತ್ತು ಇಳಿಸಿದರೆ ಹಿತ. ಅದಕ್ಕೂ ಕೆಳಗಿಳಿಸಿದರೆ ಕಲ್ಲಿಗೂ ರಿಮ್ಮಿಗೂ ನಡುವೆ ಸಿಕ್ಕಿ ಟ್ಯೂಬ್‌ಗೆ ಜೋಡಿ ತೂತು ಬೀಳುತ್ತದೆ. ಕ್ಯಾರಿಯರ್‌ನ ಎಂ5 (5 ಎಂಎಂ ದಪ್ಪದ) ಬೋಲ್ಟ್‌ಗಳು ನೀಲಿ ಲಾಕಿಂಗ್ ಅಂಟು ಹಾಕಿದ್ದರೂ ಅದುರಿ ಸಡಿಲಾಗಬಹುದು. ದಿನಾ ಬೆಳಿಗ್ಗೆ ಹೊರಡುವ ಮೊದಲು ಅವುಗಳಿಗೆ ಅಲೆನ್ ಕೀ ಹಾಕಿ ನೋಡಿ, ನಾಲ್ಕು ಹೆಚ್ಚುವರಿ ಬೋಲ್ಟ್ ಇಟ್ಟುಕೊಳ್ಳಿ.