ಅವ್ವನ ಹೆಸರಿನ ದತ್ತಿ: ಬಸ್ ಪಾಸಿನಿಂದ ಜೀಪಿನವರೆಗೆ

ಅವ್ವ ತೀರಿಕೊಂಡಿದ್ದು 2015ರ ಮೇ ತಿಂಗಳಲ್ಲಿ. ವರ್ಷದ ತಿಥಿ ಮುಗಿದ ಮೇಲೆ ನಾನೂ ತಮ್ಮನೂ ಬೇಲೂರು ತಾಲ್ಲೂಕಿನ ನಮ್ಮೂರ ಮನೆಯಲ್ಲಿ ಕೂತು ಅವಳ ಟ್ರಂಕು ತೆಗೆದೆವು. ಅಂಚೆ ಕಚೇರಿಯ ಪಾಸ್‌ಬುಕ್, ಎರಡೆಳೆ ಸರ, ರಬ್ಬರ್ ಬ್ಯಾಂಡ್ ಸುತ್ತಿದ ನೋಟಿನ ಕಟ್ಟು. ಎಲ್ಲ ಸೇರಿ ಮೂರು ಲಕ್ಷದ ಹತ್ತಿರ ಬಂತು.

ಅವ್ವ ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಐದಕ್ಕೆ ಬೇಲೂರಿಗೆ ಹೋಗಬೇಕಿತ್ತು. ನಡೆದು ಹೋಗಿ ಬರುವ ದೂರ ಅಲ್ಲ, ಬಸ್ಸಿಗೆ ಕೊಡಲು ಮನೆಯಲ್ಲಿ ಕಾಸಿಲ್ಲ. ಕೊನೆಯ ಎರಡು ವರ್ಷ ಅವಳದು ಒಂದೇ ಮಾತು: ‘ನನ್ನ ದುಡ್ಡಲ್ಲಿ ಯಾವುದಾದ್ರೂ ಹೆಣ್ಣುಮಗು ಓದ್ಲಿ.’

ತಮ್ಮನಿಗೆ ಮೊದಲು ಮನಸ್ಸಿರಲಿಲ್ಲ. ‘ಅಕ್ಕ, ಮೊಮ್ಮಕ್ಕಳ ಹೆಸರಿಗೇ ಇಡಬಹುದಲ್ವಾ?’ ಅಂದ. ಅವನು ಕೇಳಿದ್ದರಲ್ಲಿ ತಪ್ಪೇನಿರಲಿಲ್ಲ, ಅದು ಅವನ ಪಾಲಿನ ದುಡ್ಡೂ ಹೌದು. ನಾಲ್ಕು ದಿನ ಬಿಟ್ಟು ಒಪ್ಪಿದ. ಒಂದೇ ಷರತ್ತು: ಪ್ರತಿ ವರ್ಷ ಲೆಕ್ಕ ಅವನ ಕೈಗೆ ಬರಬೇಕು. ನಾನು ನಿವೃತ್ತಿಯಲ್ಲಿ ಬಂದ ಹಣದಲ್ಲಿ ಸ್ವಲ್ಪ ಸೇರಿಸಿ ಒಟ್ಟು 4 ಲಕ್ಷ ಮಾಡಿದೆ.

ಇದು ನಮ್ಮ ಮನೆಯ ಮೊದಲ ದತ್ತಿ ಅಲ್ಲ. 1996ರಲ್ಲಿ ಮಾವನವರ ನೆನಪಿಗೆ ಒಂದು ಶಾಲೆಯಲ್ಲಿ 10,000 ರೂಪಾಯಿ ಇಟ್ಟಿದ್ದೆವು. ಏಳನೇ ತರಗತಿ ಪಬ್ಲಿಕ್ ಪರೀಕ್ಷೆಯಲ್ಲಿ ಕನ್ನಡಕ್ಕೆ ಜಾಸ್ತಿ ಅಂಕ ತೆಗೆದ ಮಗುವಿಗೆ ಬಹುಮಾನ ಅಂತ ಬರೆದುಕೊಟ್ಟಿದ್ದೆವು. ಆಗ ಠೇವಣಿಗೆ ನೂರಕ್ಕೆ 12 ಬಡ್ಡಿ ಸಿಗುತ್ತಿತ್ತು. ವರ್ಷಕ್ಕೆ 1,200 ರೂಪಾಯಿ ಅಂದರೆ ಒಂದು ಒಳ್ಳೆಯ ನಿಘಂಟು, ಒಂದು ಜೊತೆ ಬಟ್ಟೆ, ಮೇಲೆ ಚಿಲ್ಲರೆ. ಕೆಲವು ವರ್ಷ ಚೆನ್ನಾಗಿ ನಡೆಯಿತು. ಆಮೇಲೆ ಬಡ್ಡಿ ಇಳಿಯುತ್ತಾ ಬಂತು. ಅಷ್ಟರಲ್ಲಿ ಏಳನೇ ತರಗತಿಯ ಪಬ್ಲಿಕ್ ಪರೀಕ್ಷೆಯೇ ನಿಂತುಹೋಯಿತು. ಪರೀಕ್ಷೆಯೇ ಇಲ್ಲದ ಮೇಲೆ ಬಹುಮಾನ ಯಾರಿಗೆ? ಮುಖ್ಯೋಪಾಧ್ಯಾಯರು ಬದಲಾದರು, ಠೇವಣಿ ರಸೀದಿ ಯಾವುದೋ ಬೀರುವಿನೊಳಗೆ ಸೇರಿತು. ನಾವೂ ಹೋಗಿ ಕೇಳಲಿಲ್ಲ. ಮಾವನವರ ಹೆಸರಿನ ದುಡ್ಡು ಯಾವ ಮಗುವಿಗೂ ಸಿಗದೆ ಸುಮ್ನೆ ಕೂತಿದ್ದು ನನಗೆ ಇವತ್ತಿಗೂ ನೋವು.

ಅದಕ್ಕೇ ಅವ್ವನ ದುಡ್ಡಿನ ವಿಷಯದಲ್ಲಿ ಅವಸರ ಮಾಡಲಿಲ್ಲ. ಹಾಸನದಲ್ಲಿ ಪರಿಚಯದ ಹಿರಿಯ ವಕೀಲರೊಬ್ಬರ ಹತ್ತಿರ ಹೋದೆ. ಅವ್ವನ ಹೆಸರಲ್ಲೇ ಒಂದು ಟ್ರಸ್ಟ್ ಮಾಡಬೇಕೆಂದು ನನ್ನ ಆಸೆ. ಅವರು ಒಂದು ಹಾಳೆ ತೆಗೆದುಕೊಂಡು ಲೆಕ್ಕ ಬರೆದರು. ಟ್ರಸ್ಟ್ ಪತ್ರದ ನೋಂದಣಿ, ಪ್ಯಾನ್, ಆದಾಯ ತೆರಿಗೆಯವರಲ್ಲಿ ನೋಂದಣಿ, ಕೊಟ್ಟವರಿಗೆ ತೆರಿಗೆ ವಿನಾಯಿತಿ ಸಿಗಲು 80ಜಿ ಅರ್ಜಿ, ವರ್ಷ ವರ್ಷ ರಿಟರ್ನು, ಆಡಿಟರ್ ಫೀ. ಕೆಳಗೆ ಗೆರೆ ಎಳೆದು, ‘ನೋಡಮ್ಮ, ನಾಲ್ಕು ಲಕ್ಷಕ್ಕೆ ವರ್ಷಕ್ಕೆ ಮೂವತ್ತು ಸಾವಿರ ಬಡ್ಡಿ ಬಂದರೆ ಹೆಚ್ಚು. ಅದರಲ್ಲಿ ಅರ್ಧ ಕಾಗದಪತ್ರಕ್ಕೇ ಹೋಗುತ್ತೆ. ಮಕ್ಕಳಿಗೆ ಏನು ಕೊಡ್ತೀಯ?’ ಅಂದರು.

ಅವರು ತೋರಿಸಿದ ದಾರಿ ಬೇರೆ. ಹಾಸನದಲ್ಲೇ ಒಂದು ಸಾರ್ವಜನಿಕ ಟ್ರಸ್ಟ್ ಇದೆ, ಊರಿನವರೇ ಸೇರಿ ನಡೆಸುತ್ತಾರೆ. ಒಂದು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಕೊಟ್ಟವರ ಹೆಸರಲ್ಲಿ ಬೇರೆಯೇ ನಿಧಿ ಇಡುತ್ತಾರೆ. ಅದಕ್ಕಿಂತ ಕಡಿಮೆ ಕೊಟ್ಟರೆ ಸಾಮಾನ್ಯ ನಿಧಿಗೆ ಸೇರುತ್ತದೆ. ಎಲ್ಲ ನಿಧಿಗಳಿಗೂ ಒಂದೇ ನೋಂದಣಿ, ಒಂದೇ ಆಡಿಟ್. ಖರ್ಚನ್ನು ಎಲ್ಲರ ಮೇಲೂ ಹಂಚುತ್ತಾರೆ. ನಮ್ಮ ಪಾಲಿಗೆ ವರ್ಷಕ್ಕೆ ಮುನ್ನೂರು ನಾನೂರು ರೂಪಾಯಿ ಬರುತ್ತದೆ, ಅಷ್ಟೇ.

ಅಮೆರಿಕದಲ್ಲಿ ಇದಕ್ಕೆ ಕಮ್ಯುನಿಟಿ ಫೌಂಡೇಶನ್ ಅನ್ನುತ್ತಾರೆ ಅಂತ ವಕೀಲರೇ ಹೇಳಿದರು. ಮೊದಲನೆಯದು 1914ರಲ್ಲಿ ಕ್ಲೀವ್‌ಲ್ಯಾಂಡ್ ಊರಿನಲ್ಲಿ ಶುರುವಾಯಿತು. ಶುರು ಮಾಡಿದವರು ಫ್ರೆಡ್ರಿಕ್ ಗಾಫ್ ಎಂಬ ಬ್ಯಾಂಕರು. ಯಾವುದೋ ಕಾಲದಲ್ಲಿ ಯಾರೋ ಉಯಿಲು ಬರೆದು ಇಟ್ಟ ಹಣ, ಆ ಉದ್ದೇಶವೇ ಇಲ್ಲವಾದ ಮೇಲೂ ಹಾಗೇ ಕಟ್ಟುಬಿದ್ದಿರುವುದನ್ನು ಅವರು ಕಂಡಿದ್ದರಂತೆ. ಸತ್ತವರ ಕೈ ಬದುಕಿರುವವರನ್ನು ಹಿಡಿದುಕೊಂಡಿರಬಾರದು ಅನ್ನುವುದು ಅವರ ಯೋಚನೆ. ಊರಿನ ಜನರ ಒಂದು ಸಮಿತಿ ಇರಲಿ, ಕಾಲ ಬದಲಾದ ಹಾಗೆ ಅವರು ಉದ್ದೇಶವನ್ನು ತಿದ್ದಿಕೊಳ್ಳಲಿ ಅಂತ ಏರ್ಪಾಡು ಮಾಡಿದರು. ಕೇಳುತ್ತಿದ್ದಂತೆ ನನಗೆ ನೆನಪಾಗಿದ್ದು ಏಳನೇ ತರಗತಿಯ ಆ ಬಹುಮಾನ.

ಬಡ್ಡಿಯಿಂದ ಧರ್ಮ ನಡೆಸುವುದು ನಮ್ಮ ಜಿಲ್ಲೆಗೆ ಹೊಸದೇನಲ್ಲ. ಶ್ರವಣಬೆಳಗೊಳದಲ್ಲಿ ಹೊಯ್ಸಳರ ಕಾಲದ ಶಾಸನಗಳಿವೆ. ಇಂಥವರು ಇಷ್ಟು ಗದ್ಯಾಣ (ಆಗಿನ ಚಿನ್ನದ ನಾಣ್ಯ) ಇಟ್ಟಿದ್ದಾರೆ, ಅದರ ಬಡ್ಡಿಯಿಂದ ಗೊಮ್ಮಟನ ಅಭಿಷೇಕಕ್ಕೆ ದಿನವೂ ಇಷ್ಟು ಹಾಲು ನಡೆಯಬೇಕು ಅಂತ ಕಲ್ಲಿನಲ್ಲಿ ಕೊರೆಸಿದ್ದಾರೆ. ಅಸಲು ಮುಟ್ಟಬಾರದು, ಬಡ್ಡಿ ಮಾತ್ರ ಖರ್ಚಾಗಬೇಕು. ನಾವು ಈಗ ಬಾಂಡ್ ಪೇಪರಿನ ಮೇಲೆ ಬರೆಯುವುದೂ ಅದನ್ನೇ ಅಲ್ವಾ?

ಆ ಟ್ರಸ್ಟಿಗೆ ಕೊಡುವ ಪತ್ರದಲ್ಲಿ ದತ್ತಿಯ ಉದ್ದೇಶ ಬರೆಯಲು ಮೂರು ದಿನ ಹಿಡಿಯಿತು. ಆ ಒಂದು ಪ್ಯಾರಾ ನನ್ನ ಹತ್ತಿರ ಈಗಲೂ ಇದೆ, ಮೊದಲ ಕರಡಿನ ಸಮೇತ. ನಾನು ಪದವಿಪೂರ್ವ ಕಾಲೇಜಿನ ಕಚೇರಿಯಲ್ಲಿ 31 ವರ್ಷ ಕೆಲಸ ಮಾಡಿದವಳು. ಅರ್ಧ ವರ್ಷಕ್ಕೆ ಟಿಸಿ ಕೇಳಲು ಬಂದ ಹೆಣ್ಣುಮಕ್ಕಳನ್ನು ಕಿಟಕಿಯ ಈಚೆ ಕೂತು ನೋಡಿದ್ದೇನೆ. ಯಾಕಮ್ಮ ಅಂದರೆ ಉತ್ತರ ಅದೇ: ದೂರ, ಬಸ್ಸಿಗೆ ಆಗಲ್ಲ. ಅದಕ್ಕೆ ಕರಡಿನಲ್ಲಿ ನಾನು ಬರೆದಿದ್ದು ಹೀಗೆ: ‘ಬೇಲೂರು ತಾಲ್ಲೂಕಿನ ಬಡ ಹೆಣ್ಣುಮಕ್ಕಳ ಬಸ್ ಪಾಸಿಗೆ.’ ವಕೀಲರು ಅದರ ಮೇಲೆ ಪೆನ್ಸಿಲ್ ಇಟ್ಟು, ‘ಬಸ್ ಪಾಸೇ ಇಲ್ಲದ ಕಾಲ ಬಂದರೆ?’ ಅಂದರು. ಅದೆಲ್ಲಿ ಬರುತ್ತೆ ಸಾರ್ ಅಂದೆ. ‘ಏಳನೇ ಕ್ಲಾಸ್ ಪರೀಕ್ಷೆ ಇಲ್ಲದ ಕಾಲ ಬರಲಿಲ್ವಾ?’

ಕೊನೆಗೆ ಪತ್ರದಲ್ಲಿ ಬಂದ ಸಾಲು ಇದು: ‘ಬೇಲೂರು ತಾಲ್ಲೂಕಿನ ಹಳ್ಳಿಗಳ ಹೆಣ್ಣುಮಕ್ಕಳು ಪ್ರೌಢಶಾಲೆ ಮತ್ತು ಕಾಲೇಜನ್ನು ಮಧ್ಯದಲ್ಲಿ ಬಿಡದಂತೆ ನೆರವಾಗಲು, ಮೊದಲಿಗೆ ಬಸ್ ಪಾಸಿನ ಮೂಲಕ, ಅದರ ಅಗತ್ಯ ತೀರಿದಾಗ ಇದಕ್ಕೆ ಹತ್ತಿರವಾದ ಬೇರೆ ಅಗತ್ಯಕ್ಕೆ.’ ಬದಲಾವಣೆ ಮಾಡಲು ಮೂವರ ಸಮಿತಿಯಲ್ಲಿ ಇಬ್ಬರು ಒಪ್ಪಬೇಕು, ಟ್ರಸ್ಟಿನ ಸಭೆಯಲ್ಲೂ ಪಾಸಾಗಬೇಕು. ಸಮಿತಿಯಲ್ಲಿ ಟ್ರಸ್ಟಿನವರೊಬ್ಬರು, ಬೇಲೂರಿನ ಕಾಲೇಜಿನ ಉಪನ್ಯಾಸಕರೊಬ್ಬರು, ನಮ್ಮ ಮನೆಯಿಂದ ಒಬ್ಬರು. ಮನೆಯ ಜಾಗ ನನ್ನ ನಂತರ ತಮ್ಮನ ಮಗಳವರೆಗೆ ಮಾತ್ರ. ಆಮೇಲೆ ಟ್ರಸ್ಟಿನವರೇ ಯಾರನ್ನಾದರೂ ಸೇರಿಸಿಕೊಳ್ಳಬೇಕು. ಕೊಟ್ಟ ಹಣವನ್ನು ನಾವಾಗಲಿ ನಮ್ಮ ಮಕ್ಕಳಾಗಲಿ ವಾಪಸ್ ಕೇಳುವಂತಿಲ್ಲ ಅಂತಲೂ ಬರೆದೆವು. ತಮ್ಮ ಆ ಸಾಲನ್ನು ಎರಡು ಸಲ ಓದಿ ಸಹಿ ಹಾಕಿದ.

ಬಡ್ಡಿಯ ಲೆಕ್ಕ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಜಾಸ್ತಿ ಜನ ತಪ್ಪುವುದು ಇಲ್ಲೇ. ಬಂದ ಬಡ್ಡಿಯನ್ನೆಲ್ಲ ಖರ್ಚು ಮಾಡಿದರೆ ಅಸಲು ನಾಲ್ಕು ಲಕ್ಷವಾಗಿಯೇ ಇರುತ್ತದೆ. ಆದರೆ ಬೆಲೆ ವರ್ಷಕ್ಕೆ ನೂರಕ್ಕೆ ಆರು ಏರಿದರೂ 12 ವರ್ಷಕ್ಕೆ ಆ ನಾಲ್ಕು ಲಕ್ಷದ ಬೆಲೆ ಅರ್ಧ ಆಗುತ್ತದೆ. ಮಾವನವರ ದತ್ತಿ ಸೊರಗಿದ್ದು ಹೀಗೇ. ಅದಕ್ಕೆ ಬಡ್ಡಿಯಲ್ಲಿ ಮುಕ್ಕಾಲು ಪಾಲು ಮಕ್ಕಳಿಗೆ, ಕಾಲು ಪಾಲು ಮತ್ತೆ ಅಸಲಿಗೆ ಅಂತ ಮಾಡಿದೆವು. ಮೊದಲ ವರ್ಷ ಏಳೂವರೆಯ ದರದಲ್ಲಿ 30,000 ಬಂತು. 22,500 ಖರ್ಚಿಗೆ, 7,500 ಅಸಲಿಗೆ. ಇಷ್ಟರಿಂದ ಬೆಲೆ ಏರಿಕೆಯನ್ನು ಪೂರ್ತಿ ತಡೆಯಲು ಆಗುವುದಿಲ್ಲ, ಆದರೆ ಸೊರಗುವುದು ನಿಧಾನವಾಗುತ್ತದೆ. ಟ್ರಸ್ಟು ತನ್ನ ಆದಾಯದಲ್ಲಿ ನೂರಕ್ಕೆ 85ರಷ್ಟನ್ನು ಧರ್ಮಕಾರ್ಯಕ್ಕೆ ಬಳಸಬೇಕು ಅನ್ನುವ ನಿಯಮ ಇದೆಯಲ್ಲ, ನಾವು ಕಾಲು ಭಾಗ ಉಳಿಸಿದರೆ ತೊಂದರೆ ಆಗಲ್ವಾ ಅಂತ ಆಡಿಟರನ್ನು ಕೇಳಿದೆ. ಆ ಲೆಕ್ಕ ಇಡೀ ಟ್ರಸ್ಟಿನ ಆದಾಯಕ್ಕೆ, ನಿಮ್ಮ ಒಂದು ನಿಧಿಗಲ್ಲ ಅಂದರು. ಒಬ್ಬರೇ ಟ್ರಸ್ಟ್ ಮಾಡಿಕೊಂಡಿದ್ದರೆ ಆ ಅನುಕೂಲ ಇರುತ್ತಿರಲಿಲ್ಲ.

ಒಂದು ಎಡವಟ್ಟು ಆಯಿತು. ಟ್ರಸ್ಟಿನವರು ಮೊದಲು ಕೊಟ್ಟ ರಸೀದಿಯಲ್ಲಿ ಬರೀ ‘ದೇಣಿಗೆ’ ಅಂತ ಇತ್ತು. ಹಾಗಿದ್ದರೆ ಅದು ಆ ವರ್ಷದ ಆದಾಯ ಆಗುತ್ತದೆ, ಖರ್ಚು ಮಾಡಬೇಕಾಗುತ್ತದೆ. ಇದು ಮೂಲನಿಧಿಗೆ, ಅಂದರೆ ಖರ್ಚು ಮಾಡದೆ ಉಳಿಸುವ ಅಸಲಿಗೆ, ಅಂತ ಕೊಡುವವರೇ ಬರೆದುಕೊಡಬೇಕು. ನಾನು ಪತ್ರದಲ್ಲಿ ಬರೆದಿದ್ದೆ, ಆದರೆ ರಸೀದಿಯಲ್ಲಿ ಬಂದಿರಲಿಲ್ಲ. ತಮ್ಮ ಲೆಕ್ಕ ನೋಡುವಾಗ ಅದನ್ನು ಹಿಡಿದ. ಅದೇ ವಾರ ರಸೀದಿ ಬದಲಾಯಿಸಿದರು. ನೀವು ಕೊಡುವಾಗ ‘ಮೂಲನಿಧಿಗೆ’ ಎಂಬ ಮಾತು ಪತ್ರದಲ್ಲೂ ರಸೀದಿಯಲ್ಲೂ ಇದೆಯಾ ಅಂತ ನೋಡಿಕೊಳ್ಳಿ.

ತೆರಿಗೆ ವಿಷಯ ಎರಡೇ ಮಾತು. ದೇಣಿಗೆಗೆ ತೆರಿಗೆ ವಿನಾಯಿತಿ ಬೇಕಿದ್ದರೆ ಚೆಕ್ ಮೂಲಕವೋ ಬ್ಯಾಂಕ್ ಮೂಲಕವೋ ಕೊಡಿ. ಹೊಸ ತೆರಿಗೆ ಪದ್ಧತಿಯಲ್ಲಿರುವವರಿಗೆ ಆ ವಿನಾಯಿತಿ ಇಲ್ಲ. ಅವ್ವನ ಕೆಲಸಕ್ಕೆ ನಾನು ಅದನ್ನು ದೊಡ್ಡದು ಮಾಡಲಿಲ್ಲ.

2016ರ ಜುಲೈನಲ್ಲಿ ಠೇವಣಿ ಇಟ್ಟೆವು. ಮರುವರ್ಷದಿಂದ ವರ್ಷಕ್ಕೆ ಇಪ್ಪತ್ತು ಹುಡುಗಿಯರಿಗೆ ಪಾಸ್. ಜೂನ್ ತಿಂಗಳಲ್ಲಿ ಕಾಲೇಜಿನಿಂದ ಪಟ್ಟಿ ಬರುತ್ತಿತ್ತು, ನಾವು ಮೂವರೂ ಕೂತು ನೋಡುತ್ತಿದ್ದೆವು. ಕೊರೊನಾ ವರ್ಷ ಕಾಲೇಜೇ ಇರಲಿಲ್ಲ. ಬಡ್ಡಿಯೂ ಐದೂವರೆಯ ಆಸುಪಾಸಿಗೆ ಇಳಿದಿತ್ತು. ಆ ವರ್ಷದ್ದು ಅಷ್ಟನ್ನೂ ಅಸಲಿಗೇ ಸೇರಿಸಿದೆವು.

2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಬಂತು. ರಾಜ್ಯದ ಎಲ್ಲ ಹೆಂಗಸರಿಗೂ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಪ್ರಯಾಣ ಫ್ರೀ. ಅವತ್ತು ಟಿವಿ ಮುಂದೆ ಕೂತು ನನಗೆ ಅಳು ಬಂತು. ಅವ್ವ ಇದ್ದಿದ್ದರೆ ಬೇಲೂರಿಗೆ ಸುಮ್ನೆ ಹೋಗಿ ಬರುತ್ತಿದ್ದಳು. ಮರುದಿನವೇ ವಕೀಲರಿಗೆ ಫೋನ್ ಮಾಡಿದೆ. ಅವರು ‘ಪತ್ರ ತೆಗೆದು ಓದಮ್ಮ’ ಅಂದರು, ಅಷ್ಟೇ.

ಹೊಸ ಅಗತ್ಯ ಯಾವುದು ಅಂತ ನಾವು ಮೂವರೇ ಕೂತು ತೀರ್ಮಾನಿಸಬಹುದಿತ್ತು. ಪರೀಕ್ಷೆ ಫೀ ಕೊಡೋಣ ಅಂತ ನಾನು, ಪುಸ್ತಕ ಕೊಡೋಣ ಅಂತ ಇನ್ನೊಬ್ಬರು. ಉಪನ್ಯಾಸಕರು ಒಳ್ಳೆಯ ಮಾತು ಹೇಳಿದರು: ‘ಮಕ್ಕಳನ್ನೇ ಕೇಳೋಣ.’ ಕಾಲೇಜಿನ ಒಂದು ಕೋಣೆಯಲ್ಲಿ ಹದಿನೈದು ಹುಡುಗಿಯರು ಬಂದರು. ಬಹಳ ಹೊತ್ತು ಯಾರೂ ಬಾಯಿ ಬಿಡಲಿಲ್ಲ. ಆಮೇಲೆ ಕೊನೆಯ ಬೆಂಚಿನಿಂದ ಒಬ್ಬಳು, ಕಾಫಿ ತೋಟದ ಲೈನ್ ಮನೆಯ (ಕೂಲಿಯವರ ಸಾಲುಮನೆ) ಹುಡುಗಿ, ಎದ್ದು ನಿಂತಳು. ಬ್ಯಾಗನ್ನು ಎದೆಗೆ ಅವಚಿಕೊಂಡೇ ಹೇಳಿದಳು: ‘ಮೇಡಂ, ಬಸ್ ಫ್ರೀ ಆಗಿದೆ. ಬಸ್ ಇಳಿದ ಮೇಲೆ ಆನೆ.’

ಯಾರೂ ನಗಲಿಲ್ಲ. ಬೇಲೂರು, ಸಕಲೇಶಪುರ, ಆಲೂರು ಕಡೆ ಇರುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ತೋಟಗಳಲ್ಲಿ ಕಾಡಾನೆಗಳು ಹಿಂಡು ಹಿಂಡಾಗಿ ಇರುತ್ತವೆ. ಆನೆ ಎಲ್ಲಿದೆ ಅಂತ ಅರಣ್ಯ ಇಲಾಖೆಯವರು ಮೊಬೈಲಿಗೆ ಸಂದೇಶ ಕಳಿಸುತ್ತಾರೆ. ಆದರೆ ಸಂದೇಶ ನೋಡಿದ ಹುಡುಗಿ ಮುಖ್ಯ ರಸ್ತೆಯಲ್ಲಿ ಬಸ್ ಇಳಿದು ನಾಲ್ಕು ಕಿಲೋಮೀಟರ್ ತೋಟದ ದಾರಿಯಲ್ಲಿ ಹೇಗೆ ನಡೆಯಬೇಕು? ಸಂಜೆ ಐದೂವರೆಗೇ ಕಾಫಿ ಗಿಡದ ನಡುವೆ ಕತ್ತಲಾಗಿರುತ್ತದೆ. ಆ ದಾರಿಯ ಇಬ್ಬರು ಆಗಲೇ ಕಾಲೇಜು ಬಿಟ್ಟಿದ್ದರು. ಅವರ ಹೆಸರು ಹಿಂದಿನ ವರ್ಷ ನಮ್ಮ ಪಾಸಿನ ಪಟ್ಟಿಯಲ್ಲಿತ್ತು.

ಆ ಊರಿನಲ್ಲಿ ಒಬ್ಬರ ಜೀಪ್ ಇದೆ. ಅವರ ಜೊತೆ ಮಾತಾಡಿದೆವು. ಬೆಳಿಗ್ಗೆ ಬಸ್ ಸ್ಟಾಪಿಗೆ, ಸಂಜೆ ಸ್ಟಾಪಿನಿಂದ ಲೈನ್ ಮನೆಯ ಬಾಗಿಲಿಗೆ. ಆರು ಹುಡುಗಿಯರಿಗೆ ತಿಂಗಳಿಗೆ 3,600 ರೂಪಾಯಿ. ಮನೆಯವರು ಒಬ್ಬೊಬ್ಬರಿಗೆ 200 ಕೊಡುತ್ತಾರೆ, ಉಳಿದ 2,400 ನಿಧಿಯಿಂದ. ಮನೆಯವರಿಂದಲೂ ತೆಗೆದುಕೊಳ್ಳಬೇಕು ಅನ್ನುವುದು ಹುಡುಗಿಯರ ತಾಯಂದಿರ ಮಾತು, ನಮ್ಮದಲ್ಲ. ಅಷ್ಟು ಹೊತ್ತಿಗೆ ಅಸಲು 4,66,000 ಆಗಿತ್ತು, ಬಡ್ಡಿ ಮತ್ತೆ ಏಳಕ್ಕೆ ಬಂದಿತ್ತು. ಮುಕ್ಕಾಲು ಪಾಲು ಅಂದರೆ 24,450ರ ಹತ್ತಿರ. ಹತ್ತು ತಿಂಗಳ ಜೀಪಿಗೆ 24,000. ಉಳಿದದ್ದು ಆಡಿಟ್ ಖರ್ಚಿಗೆ. ಇಷ್ಟು ಬಿಗಿಯಾದ ಲೆಕ್ಕ. ಏಳು ವರ್ಷ ಆ ಕಾಲು ಪಾಲನ್ನು ಅಸಲಿಗೆ ಸೇರಿಸಿರದಿದ್ದರೆ ಎರಡು ತಿಂಗಳು ಜೀಪ್ ನಿಲ್ಲಿಸಬೇಕಾಗುತ್ತಿತ್ತು.

ಇಪ್ಪತ್ತು ಮಕ್ಕಳಿಗೆ ಸಿಗುತ್ತಿದ್ದದ್ದು ಆರು ಮಕ್ಕಳಿಗೆ ಇಳಿಯಿತಲ್ಲ ಅಂತ ಟ್ರಸ್ಟಿನ ಸಭೆಯಲ್ಲಿ ಒಬ್ಬರು ಕೇಳಿದರು. ಸರಿಯಾದ ಪ್ರಶ್ನೆ. ನಾನು ಹೇಳಿದ್ದು ಇಷ್ಟೇ: ಪತ್ರದಲ್ಲಿರುವುದು ‘ಮಧ್ಯದಲ್ಲಿ ಬಿಡದಂತೆ’ ಅಂತ. ಈಗ ಬಿಡುತ್ತಿರುವವರು ಈ ದಾರಿಯವರು. ಸಭೆ ಒಪ್ಪಿತು. ಕಾಲೇಜು ಬಿಟ್ಟಿದ್ದ ಇಬ್ಬರಲ್ಲಿ ಒಬ್ಬಳು ಮರಳಿ ಸೇರಿದಳು. ಇನ್ನೊಬ್ಬಳಿಗೆ ಆಗಲೇ ಮದುವೆ ಗೊತ್ತಾಗಿತ್ತು.

ಜೀಪಿನವರು ದಿನಾ ಸಂಜೆ ವಾಟ್ಸಾಪಿನಲ್ಲಿ ಒಂದು ಸಾಲು ಹಾಕುತ್ತಾರೆ: ‘ಆರೂ ಜನ ಇಳಿದರು.’ ತಮ್ಮನೂ ಆ ಗುಂಪಿನಲ್ಲಿದ್ದಾನೆ. ಒಂದು ಸಂಜೆ ಆರೂ ಕಾಲಾದರೂ ಸಾಲು ಬರಲಿಲ್ಲ. ಬೆಂಗಳೂರಿನಿಂದ ಅವನೇ ಫೋನ್ ಮಾಡಿದ. ‘ಅಕ್ಕ, ಜೀಪಿನವರಿಗೆ ಫೋನ್ ಮಾಡಿದೆ. ದಾರಿಯಲ್ಲಿ ಆನೆ ಇದೆಯಂತೆ, ಬಸ್ ಸ್ಟಾಪಿನ ಅಂಗಡಿಯಲ್ಲೇ ಮಕ್ಕಳನ್ನ ಕೂರಿಸಿಕೊಂಡಿದ್ದಾರೆ. ಟೀ ಕುಡೀತಿದ್ದಾರಂತೆ.’ ಏಳೂ ಇಪ್ಪತ್ತಕ್ಕೆ ಸಾಲು ಬಂತು.