ನೂರೈವತ್ತು ಗಜದ ಸುಳ್ಳು

ಹದಿನಾಲ್ಕು ವರ್ಷಗಳ ಕಾಲ ನಾನು ಗಾಲ್ಫಿನಲ್ಲಿ ಕ್ಲಬ್ ಎನ್ನುವ ಹೊಡೆಯುವ ಕೋಲುಗಳಲ್ಲಿ ಒಂದಾದ ಸೆವೆನ್ ಐರನ್‌ನಲ್ಲಿ 150 ಗಜ ಹೊಡೆಯುತ್ತೇನೆಂದು ನಂಬಿಕೊಂಡಿದ್ದೆ. ಕೇಳಿದವರಿಗೆ ಹಾಗೆಯೇ ಹೇಳುತ್ತಿದ್ದೆ, ಕೇಳದವರಿಗೂ ಹೇಳುತ್ತಿದ್ದೆ. ಚೆಂಡು ಗ್ರೀನ್ (ಕುಳಿಯಿರುವ ನುಣುಪು ಹುಲ್ಲಿನ ಅಂಗಳ) ಮುಟ್ಟದೆ ಅದರ ಮುಂದಿನ ಬಂಕರಿನಲ್ಲಿ, ಅಂದರೆ ಮರಳಿನ ಹಳ್ಳದಲ್ಲಿ, ಕೂತಾಗಲೆಲ್ಲ ಎದುರುಗಾಳಿಯನ್ನೋ, ಒದ್ದೆ ಹುಲ್ಲನ್ನೋ, ಹಿಂದಿನ ರಾತ್ರಿಯ ನಿದ್ದೆಗೇಡನ್ನೋ ದೂರುತ್ತಿದ್ದೆ. ಗ್ರೀನಿಗೆ ಎಷ್ಟು ದೂರ ಎಂದು ಉಪಗ್ರಹಗಳ ನೆರವಿನಿಂದ ಹೇಳುವ ಅಂಗೈಯಗಲದ ಜಿಪಿಎಸ್ ಸಾಧನವೊಂದು ಕೈಗೆ ಬಂದ ಮೇಲೆ ಆ ಸಬೂಬುಗಳು ಒಂದೊಂದಾಗಿ ಉದುರಿದವು.

ನಾನು ಬ್ಯಾಂಕಿನಿಂದ ನಿವೃತ್ತನಾದವನು. ಆಡುವುದು ಮೈಸೂರಿನಲ್ಲಿ, ತಲೆಯೆತ್ತಿದರೆ ಚಾಮುಂಡಿ ಬೆಟ್ಟ ಕಾಣುವ ಮೈದಾನದಲ್ಲಿ, ವಾರಕ್ಕೆ ಮೂರು ಬೆಳಿಗ್ಗೆ. ಅಲ್ಲಿಯವರೆಗೆ ನನ್ನ ಲೆಕ್ಕವೆಲ್ಲ ಫೇರ್‌ವೇ (ಗ್ರೀನಿನತ್ತ ಸಾಗುವ ಕತ್ತರಿಸಿದ ಹುಲ್ಲಿನ ಹಾದಿ) ಪಕ್ಕದ ಗೂಟಗಳ ಮೇಲೆ ನಿಂತಿತ್ತು. ಸಾಮಾನ್ಯವಾಗಿ 100, 150, 200 ಗಜಗಳಿಗೆ ಒಂದೊಂದು ಗುರುತು ಇರುತ್ತದೆ. ಅಲ್ಲಿಂದ ಚೆಂಡಿನವರೆಗೆ ಹೆಜ್ಜೆ ಹಾಕಿ, ಒಂದು ಹೆಜ್ಜೆಗೆ ಒಂದು ಗಜ ಎಂದು ಕೂಡುವುದೋ ಕಳೆಯುವುದೋ ಮಾಡುತ್ತಿದ್ದೆ. ಆ ಗೂಟದ ದೂರವನ್ನು ಗ್ರೀನಿನ ಮುಂಭಾಗಕ್ಕೆ ಅಳೆದಿದ್ದಾರೋ ನಡುವಿಗೆ ಅಳೆದಿದ್ದಾರೋ ಎಂದು ಒಮ್ಮೆಯೂ ವಿಚಾರಿಸಿರಲಿಲ್ಲ. ಒಂದೊಂದು ಮೈದಾನದಲ್ಲಿ ಅದು ಒಂದೊಂದು ರೀತಿ ಇರುತ್ತದೆ. ಜೀವನವಿಡೀ ಲೆಡ್ಜರ್ ತಾಳೆ ನೋಡಿದವನಿಗೆ ಇದು ಹೊಳೆಯದೇ ಹೋದದ್ದಕ್ಕೆ ಈಗಲೂ ನಾಚಿಕೆಯಾಗುತ್ತದೆ.

ಕೊಳ್ಳುವ ಮೊದಲು ಎರಡು ತಿಂಗಳು ಯೋಚಿಸಿದೆ. ಜೊತೆಗಾರರ ಬಳಿ ಲೇಸರ್ ಇತ್ತು, ದುರ್ಬೀನಿನಂತೆ ಕಣ್ಣಿಗಿಟ್ಟು ಕುಳಿಯಲ್ಲಿ ನೆಟ್ಟ ಬಾವುಟದತ್ತ ಗುರಿಯಿಟ್ಟರೆ ಒಂದು ಗಜದಷ್ಟು ನಿಖರವಾಗಿ ಹೇಳುತ್ತದೆ. ಆದರೆ ನನ್ನ ಕೈ ಸ್ವಲ್ಪ ನಡುಗುತ್ತದೆ, ಗುರಿ ಬಾವುಟವನ್ನು ಬಿಟ್ಟು ಹಿಂದಿನ ಮರಕ್ಕೆ ಹೋಗುತ್ತಿತ್ತು. ಬಾವುಟಕ್ಕೆ 140, ಮರಕ್ಕೆ 172. ಮರದ ಲೆಕ್ಕ ನಂಬಿ ಹೊಡೆದವನ ಚೆಂಡು ಆ ಮರದ ಬುಡಕ್ಕೇ ಹೋಗಿ ಸೇರುತ್ತದೆ. ಅದೂ ಅಲ್ಲದೆ ದಿಬ್ಬದ ಆಚೆಗಿನ ಕಾಣದ ಗ್ರೀನಿಗೆ ಲೇಸರಿನಿಂದ ಪ್ರಯೋಜನವಿಲ್ಲ. ಕೈಗಡಿಯಾರದ ಮಾದರಿಯನ್ನೂ ಕಟ್ಟಿಕೊಂಡು ನೋಡಿದೆ, ಅಂಕಿ ಓದಲು ಪ್ರತಿ ಸಲವೂ ಚಾಳೀಸು ಬೇಕಾಯಿತು. ಮೊಬೈಲಿನ ಆ್ಯಪ್ ಅಗ್ಗ, ಒಪ್ಪುತ್ತೇನೆ. ಆದರೆ ಬಿಸಿಲಲ್ಲಿ ಪರದೆ ಕಾಣುವುದಿಲ್ಲ, ಹದಿನೈದನೇ ಹೋಲ್ (ಕುಳಿ) ಹೊತ್ತಿಗೆ ಬ್ಯಾಟರಿ ಕೆಂಪಾಗಿರುತ್ತದೆ, ನಡುವೆ ಯಾರೋ ಸಂಬಂಧಿಕರು ಗೃಹಪ್ರವೇಶಕ್ಕೆ ಕರೆಯುತ್ತಾರೆ. ಕೊನೆಗೆ ಉಳಿದದ್ದು ಕೈಯಲ್ಲಿ ಹಿಡಿಯುವ ಜಿಪಿಎಸ್. ಅಂಕಿಗಳು ದೊಡ್ಡವು, ಚೀಲಕ್ಕೆ ಸಿಕ್ಕಿಸಬಹುದು, ಅದಕ್ಕೆ ಯಾರೂ ಫೋನ್ ಮಾಡುವುದಿಲ್ಲ.

ಇಂಥ ಸಾಧನ ಸಾಮಾನ್ಯರ ಕೈಗೆ ಬಂದದ್ದರ ಹಿಂದೆ ಒಂದು ಸರ್ಕಾರಿ ತೀರ್ಮಾನವಿದೆ. 2000ನೇ ಇಸವಿಯ ಮೇ ತಿಂಗಳವರೆಗೆ ಅಮೆರಿಕ ಸರ್ಕಾರ ನಾಗರಿಕರಿಗೆ ಸಿಗುವ ಜಿಪಿಎಸ್ ಸಂಕೇತವನ್ನು ಬೇಕೆಂದೇ ಕೆಡಿಸಿ ಕಳಿಸುತ್ತಿತ್ತು, ತಪ್ಪು ನೂರು ಮೀಟರಿನವರೆಗೂ ಹೋಗುತ್ತಿತ್ತು. ಅದನ್ನು ನಿಲ್ಲಿಸಿದ ಮೇಲೆಯೇ ಗಾಲ್ಫಿಗೆ ಇದು ಉಪಯೋಗಕ್ಕೆ ಬಂದದ್ದು. ಈಗ ಬಯಲಿನಲ್ಲಿ ಮೂರರಿಂದ ಐದು ಮೀಟರ್ ಹೆಚ್ಚುಕಡಿಮೆ ಇರುತ್ತದೆ. ನನ್ನಂಥವನ ಹೊಡೆತ ಹದಿನೈದು ಗಜ ಆಚೀಚೆ ಆಗುವಾಗ ಆ ಐದು ಮೀಟರಿನ ಬಗ್ಗೆ ತಕರಾರು ಎತ್ತುವುದು ನಗೆಪಾಟಲು.

ಸಾಧನವನ್ನು ಮಗಳು ಜರ್ಮನಿಯಿಂದ ತಂದಳು. ಮೊದಲ ವಾರ ಪ್ರತಿ ಹೊಡೆತವೂ ಮೋಟಾಯಿತು. 137 ಎಂದು ತೋರಿಸಿದರೆ 137ಕ್ಕೆ ತಕ್ಕ ಕ್ಲಬ್ ತೆಗೆಯುತ್ತಿದ್ದೆ, ಚೆಂಡು ಗ್ರೀನಿಗೆ ಇನ್ನೂ ದೂರವಿರುವಾಗಲೇ ನಿಲ್ಲುತ್ತಿತ್ತು. ನನ್ನ ತೋಳಿನ ಬಲ ಒಂದೇ ವಾರದಲ್ಲಿ ಇಷ್ಟು ಕುಗ್ಗಿತೇ ಎಂದು ಗಾಬರಿಯಾಯಿತು. ಎಂಟನೇ ದಿನ ನನ್ನ ಚೀಲ ಹೊರುವ ಕ್ಯಾಡಿ ಪರದೆಯನ್ನು ಇಣುಕಿ ನೋಡಿ, "ಸಾರ್, ಅಂಕಿಯ ಪಕ್ಕ ಸಣ್ಣದಾಗಿ ಎಂ ಅಂತ ಇದೆಯಲ್ಲ, ಅದೇನು?" ಎಂದು ಕೇಳಿದ. ಮೀಟರ್! ಅಲ್ಲಿನವರು ಮೀಟರಿನಲ್ಲಿ ಆಡುತ್ತಾರೆ, ನಾವು ಗಜದಲ್ಲಿ. 137 ಮೀಟರ್ ಎಂದರೆ ಹೆಚ್ಚುಕಡಿಮೆ 150 ಗಜ. ಹೊರದೇಶದಿಂದ ತರಿಸಿಕೊಳ್ಳುವವರು ಪೆಟ್ಟಿಗೆ ತೆರೆದ ಕೂಡಲೇ ಮಾಡಬೇಕಾದ ಮೊದಲ ಕೆಲಸ ಇದನ್ನು ಬದಲಾಯಿಸುವುದು. ತರಿಸುವ ಮೊದಲೇ ಮಾಡಬೇಕಾದದ್ದು ಇನ್ನೊಂದಿದೆ: ನೀವು ಆಡುವ ಮೈದಾನ ಅದರ ನಕ್ಷೆಪಟ್ಟಿಯಲ್ಲಿದೆಯೇ, ನಕ್ಷೆಗೆ ವರ್ಷವರ್ಷವೂ ಚಂದಾ ಕಟ್ಟಬೇಕೇ ಎಂದು ನೋಡುವುದು. ಕೆಲವು ಕಂಪನಿಗಳ ನಕ್ಷೆ ಉಚಿತ, ಕೆಲವರದ್ದು ಚಂದಾ ಕಟ್ಟಿದರೆ ಮಾತ್ರ. ನಕ್ಷೆ ಹಳೆಯದಾದರೆ ಸಾಧನ ನಿಶ್ಚಿಂತೆಯಿಂದ ಸುಳ್ಳು ಹೇಳುತ್ತದೆ. ಒಂದು ಕಡೆ ಅತಿಥಿಯಾಗಿ ಆಡಲು ಹೋದಾಗ ಗ್ರೀನನ್ನು ಎಡಕ್ಕೆ ಸರಿಸಿ ಹೊಸದಾಗಿ ಕಟ್ಟಿದ್ದರು. ನನ್ನ ಪರದೆಯಲ್ಲಿ ಮಾತ್ರ ಹಳೆಯ ಗ್ರೀನ್ ಇತ್ತು, ಅಲ್ಲಿಗೆ 118 ಗಜ. ಆ ಜಾಗದಲ್ಲಿ ಈಗ ಕ್ರೋಟನ್ ಗಿಡಗಳಿವೆ.

ಪರದೆಯ ಮೇಲೆ ಮೂರು ಅಂಕಿಗಳು ಬರುತ್ತವೆ: ಗ್ರೀನಿನ ಮುಂಭಾಗ, ನಡು, ಹಿಂಭಾಗ. ನಾನು ಎರಡು ತಿಂಗಳು ನಡುವಿನ ಅಂಕಿಯನ್ನಷ್ಟೇ ನೋಡಿದೆ, ಎಲ್ಲರೂ ಹಾಗೆಯೇ ಮಾಡುತ್ತಾರೆ. ಆದರೆ ಸಾಧನದ ಬೆಲೆಯೆಲ್ಲ ಇರುವುದು ಉಳಿದೆರಡರಲ್ಲಿ. ಮುಂಭಾಗ 128, ನಡು 143, ಹಿಂಭಾಗ 158 ಎಂದಿಟ್ಟುಕೊಳ್ಳಿ. ಮೂವತ್ತು ಗಜ ಉದ್ದದ ಗ್ರೀನ್. ನನಗೆ ಒಂದು ಕ್ಲಬ್ಬಿಗೂ ಇನ್ನೊಂದಕ್ಕೂ ಹತ್ತು ಹನ್ನೊಂದು ಗಜದ ಅಂತರ. ಅಂದರೆ ಒಂದೇ ಗ್ರೀನಿನ ಮೇಲೆ ಮೂರು ಕ್ಲಬ್ಬಿನ ವ್ಯತ್ಯಾಸ! ಮುಂದೆ ಬಂಕರ್ ಇದ್ದರೆ ನಾನೀಗ ನಡು ಮತ್ತು ಹಿಂಭಾಗದ ನಡುವಿನ ಅಂಕಿಗೆ ಕ್ಲಬ್ ತೆಗೆಯುತ್ತೇನೆ. ನನ್ನಂಥವರ ಕೆಟ್ಟ ಹೊಡೆತ ಹೆಚ್ಚಾಗಿ ಮೋಟಾಗುತ್ತದೆಯೇ ಹೊರತು ಉದ್ದವಾಗುವುದಿಲ್ಲ, ಹಾಗಾಗಿ ಕೆಟ್ಟದ್ದು ಹೊಡೆದರೂ ಗ್ರೀನಿನ ಮುಂಭಾಗಕ್ಕಾದರೂ ಬಂದು ಬೀಳುತ್ತದೆ. ಇನ್ನೊಂದು ಸೂಕ್ಷ್ಮವನ್ನು ಅಂಗಡಿಯವರು ಹೇಳುವುದಿಲ್ಲ. ಅಗ್ಗದ ಸಾಧನಗಳಲ್ಲಿ ಮುಂಭಾಗ, ಹಿಂಭಾಗ ಎರಡೂ ನಕ್ಷೆಯಲ್ಲಿ ನೆಟ್ಟ ಬಿಂದುಗಳು, ಫೇರ್‌ವೇ ನಡುವಿನಿಂದ ನೋಡಿದಾಗ ಮಾತ್ರ ಸರಿ. ನೀವು ಬಲಗಡೆಯ ಹುಲ್ಲಿನಲ್ಲಿದ್ದರೆ ನಿಮ್ಮ ಪಾಲಿನ ಮುಂಭಾಗವೇ ಬೇರೆ. ಒಳ್ಳೆಯ ಸಾಧನ ನೀವು ನಿಂತ ಕೋನಕ್ಕೆ ಗ್ರೀನಿನ ಚಿತ್ರವನ್ನು ತಿರುಗಿಸಿ ಹೊಸದಾಗಿ ಲೆಕ್ಕ ಹಾಕುತ್ತದೆ. ನಾನು ಫೇರ್‌ವೇ ನಡುವಿನಲ್ಲಿ ಇರುವುದು ಅಪರೂಪ, ಆದ್ದರಿಂದ ಇದಕ್ಕಾಗಿ ಹೆಚ್ಚು ಹಣ ಕೊಟ್ಟದ್ದಕ್ಕೆ ಬೇಸರವಿಲ್ಲ.

ಇಷ್ಟಾದರೂ ಸ್ಕೋರ್, ಅಂದರೆ ಒಟ್ಟು ಹೊಡೆತಗಳ ಎಣಿಕೆ, ಇಳಿಯಲಿಲ್ಲ. ಗ್ರೀನಿಗೆ ಎಷ್ಟು ದೂರ ಎಂಬುದು ಗೊತ್ತಾಗಿತ್ತು, ನಾನು ಎಷ್ಟು ದೂರ ಹೊಡೆಯುತ್ತೇನೆ ಎಂಬುದು ಗೊತ್ತಿರಲಿಲ್ಲ. ಸಾಧನದಲ್ಲಿ ಹೊಡೆತ ಅಳೆಯುವ ಗುಂಡಿಯೊಂದಿದೆ: ಹೊಡೆದ ಜಾಗದಲ್ಲಿ ಒತ್ತಿ ಚೆಂಡಿನವರೆಗೆ ನಡೆದರೆ ನೇರ ದೂರ ತೋರಿಸುತ್ತದೆ. ಅಳತೆಗೆ ನಾನು ಆರಿಸಿಕೊಂಡದ್ದು ಜುಲೈ ತಿಂಗಳು. ಬೇಸಿಗೆಯಲ್ಲಿ ನೆಲ ಕಲ್ಲಿನಂತಾಗಿ ಚೆಂಡು ಇಪ್ಪತ್ತು ಗಜ ಉರುಳಿ ನಮ್ಮನ್ನು ಉಬ್ಬಿಸುತ್ತದೆ. ಮಳೆಗಾಲದ ನೆಲ ಮೆತ್ತಗೆ, ಬಿದ್ದಲ್ಲೇ ನಿಲ್ಲುತ್ತದೆ. ಬಂಕರ್ ದಾಟಿಸಲು ಬೇಕಾದದ್ದು ಗಾಳಿಯಲ್ಲಿ ಹೋಗುವ ದೂರವೇ ಹೊರತು ಉರುಳುವ ದೂರವಲ್ಲ. ಮಧ್ಯಾಹ್ನ ಯಾರೂ ಇಲ್ಲದ ಹೊತ್ತು ನೋಡಿ ಪ್ರತಿ ಕ್ಲಬ್ಬಿನಲ್ಲೂ ಹತ್ತು ಚೆಂಡು ಹೊಡೆದೆ. ಅತಿ ಚೆನ್ನಾಗಿ ಹೋದ ಎರಡನ್ನೂ ಅತಿ ಕೆಟ್ಟ ಎರಡನ್ನೂ ಬಿಟ್ಟು ಉಳಿದ ಆರರ ಸರಾಸರಿ ತೆಗೆದೆ. ಅತ್ಯುತ್ತಮವಾದ ಎರಡನ್ನು ಬಿಡಲು ಮನಸ್ಸು ಸುಲಭವಾಗಿ ಒಪ್ಪಲಿಲ್ಲ.

ಸೆವೆನ್ ಐರನ್: 127 ಗಜ. ಮತ್ತೊಂದು ದಿನ ಮತ್ತೆ ಅಳೆದೆ, 126 ಬಂತು. ಎಂಟಕ್ಕೆ 117, ಒಂಬತ್ತಕ್ಕೆ 106, ಆರಕ್ಕೆ 136. ಐದನೇ ಐರನ್ 139. ಆರಕ್ಕೂ ಐದಕ್ಕೂ ಮೂರೇ ಗಜದ ಅಂತರ! ನಿಧಾನವಾಗಿ ಬೀಸುವವರ ಕೈಯಲ್ಲಿ ಉದ್ದ ಐರನ್‌ಗಳು ಚೆಂಡನ್ನು ಸಾಕಷ್ಟು ಮೇಲಕ್ಕೆ ಎತ್ತುವುದಿಲ್ಲ, ಅದಕ್ಕೇ ಹೀಗೆ. ಐದನ್ನು ಅಂದೇ ಚೀಲದಿಂದ ತೆಗೆದು, ಚೆಂಡನ್ನು ಸುಲಭವಾಗಿ ಮೇಲೆತ್ತುವ ಹೈಬ್ರಿಡ್ ಕ್ಲಬ್ ಹಾಕಿಕೊಂಡೆ. ಈ ಅಂಕಿಗಳನ್ನು ಸಣ್ಣ ಚೀಟಿಯಲ್ಲಿ ಬರೆದು ಸಾಧನದ ಬೆನ್ನಿಗೇ ಅಂಟಿಸಿದ್ದೇನೆ. ಪರದೆ ಎಷ್ಟು ದೂರ ಎನ್ನುತ್ತದೆ, ಬೆನ್ನಿನ ಚೀಟಿ ಯಾವ ಕ್ಲಬ್ ಎನ್ನುತ್ತದೆ. ಹ್ಯಾಂಡಿಕ್ಯಾಪ್ (ಆಟದ ಮಟ್ಟ ಹೇಳುವ ಅಂಕಿ, ಕಡಿಮೆಯಾದಷ್ಟೂ ಒಳ್ಳೆಯದು) 22ರಿಂದ 19ಕ್ಕೆ ಇಳಿದದ್ದು ಚೀಟಿ ಅಂಟಿಸಿದ ಮೇಲೆ.

ಚೀಟಿಗೂ ಮಿತಿಯಿದೆ. ಮೈಸೂರು ಇರುವುದು ಸುಮಾರು 2,500 ಅಡಿ ಎತ್ತರದಲ್ಲಿ, ಇಲ್ಲಿನ ತೆಳುಗಾಳಿಯಲ್ಲಿ ಚೆಂಡು ಶೇಕಡಾ ಮೂರರಷ್ಟು ಹೆಚ್ಚು ಹೋಗುತ್ತದೆ. ಚೆನ್ನೈಗೆ ಹೋಗಿ ಆಡಿದಾಗ ಪ್ರತಿ ಐರನ್ ನಾಲ್ಕು ಗಜ ಕಡಿಮೆ ಬಂತು. ಜೊತೆಗಿದ್ದವರು "ಇಲ್ಲಿಯ ತೇವದ ಗಾಳಿ ಭಾರ" ಎಂದರು. ತೇವದ ಗಾಳಿ ನಿಜವಾಗಿ ಒಣಗಾಳಿಗಿಂತ ಹಗುರ, ಭಾರವಾದದ್ದು ಸಮುದ್ರಮಟ್ಟದ ಗಾಳಿ. ವಾದಿಸಲು ಹೋಗಲಿಲ್ಲ, ಊಟ ಅವರದ್ದಾಗಿತ್ತು.

ಏರಿಳಿತದ ವಿಷಯವನ್ನು ನನಗೆ ಕಲಿಸಿದ್ದು ಕ್ಯಾಡಿ. ದಿಬ್ಬದ ಮೇಲಿನ ಒಂದು ಗ್ರೀನಿಗೆ ಸಾಧನ 126 ತೋರಿಸಿತು. ಸೆವೆನ್ ಐರನ್‌ಗೆ ಕೈ ಹಾಕಿದೆ. ಅವನು ಆರನ್ನು ಎತ್ತಿ ಕೊಟ್ಟ.

"ಯಾಕಪ್ಪಾ? ಮಿಷನ್ನು 126 ಅನ್ನುತ್ತಿದೆಯಲ್ಲ?"

"ನನ್ನ ಲೆಕ್ಕಕ್ಕೂ ಅಷ್ಟೇ ಸಾರ್. ಆದರೆ ದಿಬ್ಬ ಹತ್ತಿದರೆ ಅದಕ್ಕೆ ಕಾಲು ನೋಯುವುದಿಲ್ಲವಲ್ಲ."

ಬೆಂಗಳೂರಿನಲ್ಲಿ ಕ್ಯಾಡಿಯಾಗಿದ್ದ ಸಿ. ಮುನಿಯಪ್ಪ 2009ರಲ್ಲಿ ಇಂಡಿಯನ್ ಓಪನ್ ಗೆದ್ದದ್ದು ನೆನಪಾಯಿತು, ಸುಮ್ಮನೆ ಆರನ್ನೇ ತೆಗೆದುಕೊಂಡೆ. ಏರಿಳಿತವನ್ನು ಸೇರಿಸಿ ದೂರ ಹೇಳುವ ಸೌಲಭ್ಯ ಕೆಲವು ಸಾಧನಗಳಲ್ಲೂ ಇದೆ, ನನ್ನದರಲ್ಲೂ ಇದೆ. ಅಭ್ಯಾಸಕ್ಕೆ ಚೆನ್ನ, ಸ್ಪರ್ಧೆಗೆ ನಿಷಿದ್ಧ. ದೂರ ಅಳೆಯುವ ಸಾಧನಕ್ಕೆ 2006ರಿಂದ ಸ್ಥಳೀಯ ನಿಯಮದ ಮೂಲಕ ಅವಕಾಶವಿತ್ತು, 2019ರ ನಿಯಮಾವಳಿ ಎಲ್ಲರಿಗೂ ಒಪ್ಪಿಗೆ ಕೊಟ್ಟಿತು. ಆದರೆ ಎತ್ತರ ಅಳೆಯುವಂತಿಲ್ಲ, ಯಾವ ಕ್ಲಬ್ ಎಂದು ಅದರಿಂದ ಕೇಳುವಂತಿಲ್ಲ. ಸೌಲಭ್ಯ ಇದ್ದ ಮಾತ್ರಕ್ಕೆ ತಪ್ಪಲ್ಲ, ಬಳಸಿದರೆ ತಪ್ಪು. ಒಟ್ಟು ಹೊಡೆತ ಎಣಿಸುವ ಸ್ಟ್ರೋಕ್ ಪ್ಲೇಯಲ್ಲಿ ಮೊದಲ ಸಲ ಎರಡು ಹೊಡೆತದ ದಂಡ, ಎರಡನೆಯ ಸಲ ಆಟದಿಂದಲೇ ಹೊರಗೆ. ಒಂದು ಮಾಸಿಕ ಪಂದ್ಯದಲ್ಲಿ ಅದನ್ನು ಬಂದ್ ಮಾಡಲು ಮರೆತು ಮೊದಲ ಹೋಲಿನಲ್ಲೇ ಬಳಸಿ, ನಾನೇ ಹೋಗಿ ಹೇಳಿ ಎರಡು ಹೊಡೆತ ಬರೆಸಿಕೊಂಡೆ. ಈಗ ಸ್ಪರ್ಧೆಯ ಹಿಂದಿನ ರಾತ್ರಿ ಚಾರ್ಜಿಗೆ ಹಾಕುವಾಗಲೇ ಬಂದ್ ಮಾಡಿಬಿಡುತ್ತೇನೆ.

ದಿನದ ಬಳಕೆಯಲ್ಲಿ ಹೆಚ್ಚಿನದೇನಿಲ್ಲ. ಮೊದಲ ಟೀಗೆ (ಆಟ ಶುರುವಾಗುವ ಜಾಗ) ಹೋಗುವ ಐದು ನಿಮಿಷ ಮೊದಲೇ ಬಯಲಿನಲ್ಲಿ ಚಾಲೂ ಮಾಡಿ, ಉಪಗ್ರಹಗಳನ್ನು ಹುಡುಕಿಕೊಳ್ಳಲು ಅದಕ್ಕೆ ಹೊತ್ತು ಬೇಕು. ದಟ್ಟ ಮರದಡಿ ಅಂಕಿ ಕುಣಿದರೆ ನಾಲ್ಕು ಹೆಜ್ಜೆ ಹೊರಗೆ ಬಂದು ನೋಡಿ. ಏಪ್ರಿಲ್ ಬಿಸಿಲಲ್ಲಿ ಕಾರಿನೊಳಗೆ ಬಿಡಬೇಡಿ, ಬ್ಯಾಟರಿ ಕೆಡುತ್ತದೆ. ಚೆಂಡಿನತ್ತ ನಡೆಯುತ್ತಲೇ ಅಂಕಿ ಓದಿಕೊಳ್ಳಿ. ನಿಯಮಾವಳಿ ಹೇಳುವುದು 40 ಸೆಕೆಂಡಿನೊಳಗೆ ಹೊಡೆಯಿರಿ ಎಂದು. ನಮ್ಮಲ್ಲಿ ಕೆಲವರು 30 ಗಜದ ಸಣ್ಣ ಚಿಪ್ ಹೊಡೆತಕ್ಕೂ ಪಂಚಾಂಗ ನೋಡುವಂತೆ ಪರದೆ ನೋಡುತ್ತಾರೆ, ಹಿಂದೆ ಮೂರು ಗುಂಪು ಕಾಯುತ್ತಿರುತ್ತದೆ.

ಕಳೆದ ವಾರ ಮಗಳು ಫೋನ್ ಮಾಡಿದ್ದಳು. "ಅಪ್ಪಾ, ಹೊಸ ಮಾದರಿಯ ಗಡಿಯಾರ ಬಂದಿದೆ, ಅಂಕಿ ದೊಡ್ಡದಾಗಿದೆಯಂತೆ, ದಸರಾಕ್ಕೆ ಬರುವಾಗ ತರಲೇ?" ಬೇಡಮ್ಮ ಎಂದೆ. ಚಾರ್ಜಿನ ತಂತಿ ಒಂದು ಸಾಕು, ಇರುವುದನ್ನು ಅಳಿಲು ಕಡಿದಿದೆ.