ಎಕ್ಸ್‌ಪೆಕ್ಟ್ ಸ್ಕ್ರಿಪ್ಟ್ ಕೈಕೊಟ್ಟಾಗ ನಾನು ಎಲ್ಲಿಂದ ಹುಡುಕುತ್ತೇನೆ

ಸೇಡಂ, ಆಳಂದ, ಹುಮನಾಬಾದ್, ಸುರಪುರದ ಶಾಖೆಗಳಿಂದ ರಾತ್ರಿ ಹೊತ್ತು ಕಲಬುರಗಿಗೆ ಬ್ಯಾಕಪ್ ತರಿಸುವುದು ನನ್ನ ಕೆಲಸಗಳಲ್ಲೊಂದು. ಶಾಖೆಗಳಲ್ಲಿ ಇರುವುದು ಲಿನಕ್ಸ್ ಯಂತ್ರಗಳು. ಆದರೆ ಬ್ಯಾಕಪ್ ತೆಗೆಯುವ ಪ್ರೋಗ್ರಾಂ ಹಳೆಯದು. ಶಾಖೆ ಕೋಡ್ ಎಷ್ಟು, ಯಾವ ತಾರೀಖಿನವರೆಗೆ, ಪಾಸ್‌ವರ್ಡ್ ಏನು, ಮುಂದುವರಿಸಲೇ ಎಂದು ಒಂದೊಂದಾಗಿ ಕೇಳುತ್ತದೆ. ಉತ್ತರಗಳನ್ನು ಒಂದು ಫೈಲಿಗೆ ಬರೆದು ಪೈಪ್ ಮಾಡಿದರೆ ನಡೆಯುವುದಿಲ್ಲ. ಪಾಸ್‌ವರ್ಡನ್ನು ಅದು ಸ್ಟ್ಯಾಂಡರ್ಡ್ ಇನ್‌ಪುಟ್‌ನಿಂದ ಓದದೆ ನೇರವಾಗಿ ಟರ್ಮಿನಲ್‌ನಿಂದಲೇ ಓದುತ್ತದೆ. ಹಾಗಾಗಿ ಕೀಬೋರ್ಡಿನ ಮುಂದೆ ಮನುಷ್ಯನೇ ಕೂತಿದ್ದಾನೆ ಎಂದು ಅದನ್ನು ನಂಬಿಸಲು ಎಕ್ಸ್‌ಪೆಕ್ಟ್ ಬೇಕೇ ಬೇಕು: ಪ್ರೋಗ್ರಾಂ ಕೇಳುವ ಪ್ರಶ್ನೆ ಬರುವವರೆಗೆ ಕಾದು, ನಾವು ಬರೆದಿಟ್ಟ ಉತ್ತರವನ್ನು ಕೀಬೋರ್ಡಿನಿಂದ ಬಂದಂತೆ ಕಳಿಸುವ ಉಪಕರಣ ಅದು.

ಬೆಳಿಗ್ಗೆ ಶಾಖೆಯಿಂದ ಬರುವ ಫೋನ್ ಹೆಚ್ಚಾಗಿ ಒಂದೇ ಥರ ಇರುತ್ತದೆ: "ಸರ್, ಸ್ಕ್ರಿಪ್ಟ್ ಓಡ್ಯದ, ಎರರ್ ಏನೂ ತೋರಿಸಿಲ್ಲ, ಆದ್ರ ಫೈಲ್ ಬಂದಿಲ್ರಿ." ಎರರ್ ಇಲ್ಲ ಅನ್ನುವುದೇ ಇಲ್ಲಿ ಮೊದಲ ಸುಳಿವು. ನಾವು ಬೇರೆ ಅವಧಿ ಹೇಳದಿದ್ದಲ್ಲಿ, ಎಕ್ಸ್‌ಪೆಕ್ಟ್ ಕಾಯುತ್ತಿರುವ ಪಠ್ಯ 10 ಸೆಕೆಂಡಿನಲ್ಲಿ ಬರದಿದ್ದರೆ ಅದು ನಿಲ್ಲುವುದೂ ಇಲ್ಲ, ದೂರುವುದೂ ಇಲ್ಲ. ಸದ್ದಿಲ್ಲದೆ ಮುಂದಿನ ಸಾಲಿಗೆ ಹೋಗುತ್ತದೆ. ಆಮೇಲೆ ತಾರೀಖು ಕೇಳುವ ಜಾಗಕ್ಕೆ ಪಾಸ್‌ವರ್ಡ್ ಹೋಗುತ್ತದೆ, ಪಾಸ್‌ವರ್ಡ್ ಕೇಳುವ ಜಾಗಕ್ಕೆ "ವೈ" ಹೋಗುತ್ತದೆ. ಕೆಟ್ಟದ್ದು ಒಂದು ಸಾಲಿನಲ್ಲಿ, ಕಣ್ಣಿಗೆ ಬೀಳುವುದು ನಾಲ್ಕು ಸಾಲು ಕೆಳಗೆ. ಕಂಡ ಸಾಲನ್ನು ರಿಪೇರಿ ಮಾಡುತ್ತಾ ಕೂತರೆ ಇಡೀ ದಿನ ಹೋಗುತ್ತದೆ.

ಆದ್ದರಿಂದ ಯಾರದೇ ಸ್ಕ್ರಿಪ್ಟ್ ನನ್ನ ಕೈಗೆ ಬಂದರೂ, ತಪ್ಪು ಹುಡುಕುವ ಮೊದಲೇ, ಎದುರಿನ ಪ್ರೋಗ್ರಾಂ ಶುರುಮಾಡುವ ಸ್ಪಾನ್ ಸಾಲಿನ ಕೆಳಗೆ, ಮುಂದಿನ ಪ್ರತಿ ಕಾಯುವಿಕೆಗೂ ತಾನಾಗಿ ಅನ್ವಯಿಸುವ ಒಂದು ಎಕ್ಸ್‌ಪೆಕ್ಟ್-ಆಫ್ಟರ್ ಬ್ಲಾಕ್ ಹಾಕುತ್ತೇನೆ. ಟೈಮ್‌ಔಟ್ ಆದರೆ, ಅಂದರೆ ಕಾಯುವ ಅವಧಿ ಮುಗಿದರೆ, ಒಂದು ಸಂದೇಶ ಬರೆದು ಎಗ್ಸಿಟ್ 2 (ಸ್ಕ್ರಿಪ್ಟ್ 2 ಎಂಬ ಕೋಡ್ ಕೊಟ್ಟು ನಿಲ್ಲುತ್ತದೆ), ಎದುರಿನ ಪ್ರೋಗ್ರಾಂ ಮುಚ್ಚಿಹೋದರೆ, ಅಂದರೆ ಇಒಎಫ್ ಬಂದರೆ, ಎಗ್ಸಿಟ್ 3. ಇದನ್ನು ಸ್ಪಾನ್‌ಗಿಂತ ಮೇಲೆ ಬರೆದರೆ ಉಪಯೋಗವಿಲ್ಲ. ಬ್ಲಾಕ್ ಓಡಿದ ಹೊತ್ತಿನಲ್ಲಿ ಯಾವ ಸ್ಪಾನ್ ಐಡಿ (ಶುರುವಾದ ಪ್ರೋಗ್ರಾಂನ ಗುರುತು) ಇತ್ತೋ ಅದಕ್ಕೇ ಅಂಟಿಕೊಳ್ಳುತ್ತದೆ. ಇಷ್ಟು ಮಾಡಿದರೆ ಸ್ಕ್ರಿಪ್ಟ್ ತಪ್ಪಿದ ಜಾಗದಲ್ಲೇ ನಿಲ್ಲುತ್ತದೆ. ಅರ್ಧ ಕೆಲಸ ಅಲ್ಲಿಗೇ ಮುಗಿದಂತೆ.

ನಂತರ ನಿಜವಾಗಿ ಏನು ಬಂತು ಎಂದು ನೋಡಬೇಕು. ಪರದೆ ಮೇಲೆ ಕಂಡದ್ದನ್ನು ನಾನು ನಂಬುವುದಿಲ್ಲ, ಬಂದ ಬೈಟ್‌ಗಳನ್ನು ನೋಡುತ್ತೇನೆ. ಸ್ಕ್ರಿಪ್ಟಿನ ಮೇಲ್ತುದಿಯಲ್ಲಿ ಎಕ್ಸ್‌ಪಿ-ಇಂಟರ್ನಲ್ 1 ಎಂದು ಬರೆದರೆ, ಬಂದ ಪ್ರತಿ ತುಣುಕನ್ನೂ ಎಸ್ಕೇಪ್ ಅಕ್ಷರಗಳ ಸಮೇತ ಬಿಡಿಸಿ ತೋರಿಸಿ, ನಾವು ಕೊಟ್ಟ ಪ್ಯಾಟರ್ನ್‌ಗೆ (ಕಾಯುತ್ತಿರುವ ಪಠ್ಯದ ಮಾದರಿಗೆ) ಇದು ಹೊಂದುತ್ತದೆಯೇ ಎಂದು ಕೇಳಿ "ನೋ" ಅಥವಾ "ಎಸ್" ಎಂದು ಬರೆಯುತ್ತದೆ. ನಿಗದಿತ ಹೊತ್ತಿಗೆ ಕೆಲಸ ಶುರುಮಾಡುವ ಕ್ರಾನ್‌ನಲ್ಲಿ ಓಡುವ ಸ್ಕ್ರಿಪ್ಟಿನಲ್ಲಿ ಇದೇ ಸಾಲಿಗೆ ಮೈನಸ್-ಎಫ್ ಹಾಕಿ ಫೈಲಿಗೆ ಬರೆಸುತ್ತೇನೆ. ಆ ಫೈಲಿನಲ್ಲಿ ಕಳಿಸಿದ ಪಾಸ್‌ವರ್ಡೂ ಬಿಚ್ಚಿಟ್ಟಂತೆ ಇರುತ್ತದೆ. ಕೆಲಸ ಮುಗಿದ ಕೂಡಲೇ ಅಳಿಸಿ.

ಸೇಡಂ ಶಾಖೆಯಲ್ಲಿ ಯಂತ್ರ ಹೊಸದಾದಾಗ ಲಾಗಿನ್ ಆದ ತಕ್ಷಣ ಟೈಮ್‌ಔಟ್ ಬರತೊಡಗಿತು. ಪರದೆ ಮೇಲೆ ಪ್ರಾಂಪ್ಟ್ (ಮುಂದಿನ ಕಮಾಂಡಿಗೆ ಕಾಯುತ್ತಿದೆ ಎಂದು ತೋರಿಸುವ ಪಠ್ಯ) ಮೊದಲಿನಂತೆಯೇ ಇತ್ತು. ಲಾಗ್ ನೋಡಿದರೆ ಸಾಲಿನ ತುದಿಗೂ ಪ್ರಾಂಪ್ಟಿಗೂ ನಡುವೆ ಒಂದು ಎಸ್ಕೇಪ್, ಸ್ಕ್ವೇರ್ ಬ್ರಾಕೆಟ್, ಪ್ರಶ್ನಾರ್ಥಕ ಚಿಹ್ನೆ, 2004, ಕೊನೆಗೆ "ಎಚ್" ಅಕ್ಷರ. ಕಮಾಂಡ್ ಓಡಿಸುವ ಶೆಲ್ ಆದ ಬ್ಯಾಶ್‌ನಲ್ಲಿ 5.1ರಿಂದ ಬ್ರಾಕೆಟೆಡ್ ಪೇಸ್ಟ್ (ಅಂಟಿಸಿದ ಪಠ್ಯವನ್ನು ಟೈಪ್ ಮಾಡಿದ್ದರಿಂದ ಬೇರ್ಪಡಿಸುವ ಸೌಲಭ್ಯ) ತಾನಾಗಿಯೇ ಚಾಲೂ ಇರುತ್ತದೆ, ಪ್ರತಿ ಪ್ರಾಂಪ್ಟಿನ ಮುಂದೆ ಈ ಸಂಕೇತ ಕಳಿಸುತ್ತದೆ. ನಮ್ಮ ಪ್ಯಾಟರ್ನ್ "ಹೊಸ ಸಾಲು, ಅದರ ಬೆನ್ನಿಗೇ ಪ್ರಾಂಪ್ಟ್" ಎಂದಿತ್ತು, ಹೊಂದಲಿಲ್ಲ. ಇಂಥದ್ದಕ್ಕೆ ಟೈಮ್‌ಔಟ್ ಜಾಸ್ತಿ ಮಾಡಿದರೆ ಸೋಲು ತಡವಾಗುತ್ತದೆ, ಅಷ್ಟೇ.

ಶಾಖೆಯ ಪ್ರಾಂಪ್ಟನ್ನು ಊಹಿಸುವ ಬದಲು ಈಗ ನನ್ನದೇ ಪ್ರಾಂಪ್ಟ್ ಇಡುತ್ತೇನೆ: ಲಾಗಿನ್ ಆದ ಕೂಡಲೇ ಬ್ರಾಕೆಟೆಡ್ ಪೇಸ್ಟ್ ಆರಿಸಿ, ಪ್ರಾಂಪ್ಟಿನ ಪಠ್ಯ ಇರುವ ವೇರಿಯಬಲ್ ಪಿಎಸ್1 ಬದಲಿಸುವ ಸಾಲು ಕಳಿಸುತ್ತೇನೆ. ಇಲ್ಲೊಂದು ಹಳ್ಳ ಇದೆ. ನಾವು ಕಳಿಸಿದ ಸಾಲನ್ನು ಟರ್ಮಿನಲ್ ನಮಗೇ ಎಕೋ ಮಾಡುತ್ತದೆ, ಅಂದರೆ ಹಾಗೇ ತಿರುಗಿ ಬರೆಯುತ್ತದೆ. "ತಯಾರ್>" ಎಂಬ ಪ್ರಾಂಪ್ಟ್ ಇಡಲು ಹೊರಟರೆ, ಕಳಿಸಿದ ಸಾಲಿನಲ್ಲೇ "ತಯಾರ್>" ಇರುತ್ತದಲ್ಲ. ಎಕ್ಸ್‌ಪೆಕ್ಟ್ ಆ ಎಕೋವನ್ನೇ ಹಿಡಿದು, ಪ್ರಾಂಪ್ಟ್ ಬಂತೆಂದು ಮುಂದೆ ಓಡುತ್ತದೆ. ಅದಕ್ಕೇ ಹೆಸರನ್ನು ಮಧ್ಯದಲ್ಲಿ ಒಡೆದು ಕಳಿಸುತ್ತೇನೆ:

ಪಿಎಸ್1='ತಯಾ''ರ್> '

ಶೆಲ್ ಎರಡು ತುಂಡನ್ನೂ ಕೂಡಿಸಿಕೊಳ್ಳುತ್ತದೆ. ಎಕೋದಲ್ಲಿ ನಡುವೆ ಉದ್ಧರಣ ಚಿಹ್ನೆಗಳಿರುವುದರಿಂದ ಪ್ಯಾಟರ್ನ್ ಹೊಂದುವುದಿಲ್ಲ, ನಿಜವಾದ ಪ್ರಾಂಪ್ಟಿಗೆ ಮಾತ್ರ ಹೊಂದುತ್ತದೆ. (ಸ್ಕ್ರಿಪ್ಟಿನಲ್ಲಿ ಇದನ್ನು ಇಂಗ್ಲಿಷ್ ಅಕ್ಷರದಲ್ಲೇ ಬರೆಯಿರಿ.)

ಇದರ ಹಿಂದೆಯೇ ಬರುವ ಇನ್ನೊಂದು ತಪ್ಪು ಕಂಡುಹಿಡಿಯುವುದು ಕಷ್ಟ, ಏಕೆಂದರೆ ಅದು ದಿನವೂ ಆಗುವುದಿಲ್ಲ. ಅಲ್ಲಿ ಓಡಿದ ಕಮಾಂಡಿನ ಎಗ್ಸಿಟ್ ಕೋಡ್ ತಿಳಿಯಲು "ಕೋಡ್:" ಎಂದು ಮುಂದೆ ಬರೆದು ಡಾಲರ್-ಪ್ರಶ್ನೆಯ (ಆ ಕೋಡ್ ಇರುವ ಶೆಲ್ ವೇರಿಯಬಲ್‌ನ) ಬೆಲೆಯನ್ನು ಎಕೋ ಮಾಡಿಸಿ, ಅಂಕಿಗಳನ್ನು ರೆಜೆಕ್ಸ್ ಎಂಬ ಬಗೆಯ ಪ್ಯಾಟರ್ನ್‌ನಿಂದ ಹಿಡಿಯುತ್ತೇವೆ. ಆದರೆ ಡೇಟಾ ಬರುವುದು ತುಣುಕು ತುಣುಕಾಗಿ. ಬರಬೇಕಾದದ್ದು 127 ಆಗಿದ್ದು, ಮೊದಲ ತುಣುಕಿನಲ್ಲಿ 1 ಮಾತ್ರ ಬಂದಿದ್ದರೆ, ರೆಜೆಕ್ಸ್ ಅಷ್ಟಕ್ಕೇ ತೃಪ್ತಿಪಟ್ಟು ಕೋಡ್ 1 ಎಂದು ಹೇಳಿಬಿಡುತ್ತದೆ. ಕಚೇರಿಯ ಒಳಗಿನ ಲ್ಯಾನ್‌ನಲ್ಲಿ ಇದು ಕಾಣಿಸುವುದೇ ಇಲ್ಲ, ಸುರಪುರದ ಮೊಬೈಲ್ ಡೇಟಾ ಲಿಂಕಿನಲ್ಲಿ ಕಾಣಿಸುತ್ತದೆ. ಅಂಕಿಗಳ ನಂತರ ಸಾಲಿನ ತುದಿಯನ್ನೂ ಪ್ಯಾಟರ್ನ್‌ಗೆ ಸೇರಿಸಬೇಕು. ಸಾಲಿನ ತುದಿ ಎಂದರೆ ಇಲ್ಲಿ ಬ್ಯಾಕ್‌ಸ್ಲ್ಯಾಶ್-ಎನ್ ಒಂದೇ ಅಲ್ಲ. ಟರ್ಮಿನಲ್ ಅದನ್ನು ಬ್ಯಾಕ್‌ಸ್ಲ್ಯಾಶ್-ಆರ್, ಬ್ಯಾಕ್‌ಸ್ಲ್ಯಾಶ್-ಎನ್ ಎಂದು ಜೋಡಿಯಾಗಿ ಕೊಡುತ್ತದೆ. ನಾವು ಕಳಿಸುವಾಗ ಮಾತ್ರ ಬ್ಯಾಕ್‌ಸ್ಲ್ಯಾಶ್-ಆರ್ ಒಂದೇ, ಎಂಟರ್ ಕೀ ಒತ್ತಿದರೆ ಹೋಗುವುದು ಅದೇ.

ಡಾನ್ ಲೈಬ್ಸ್ ಎಕ್ಸ್‌ಪೆಕ್ಟನ್ನು ಕಟ್ಟಿದ್ದು ಟಿಸಿಎಲ್ ಭಾಷೆಯ ಮೇಲೆ. ಶೆಲ್ ಮಾತ್ರ ಗೊತ್ತಿದ್ದವರು ಇದನ್ನು ಮರೆಯುತ್ತಾರೆ. ಟಿಸಿಎಲ್‌ನಲ್ಲಿ ಡಬಲ್ ಕೋಟ್ ಒಳಗಿನ ಸ್ಕ್ವೇರ್ ಬ್ರಾಕೆಟ್ ಎಂದರೆ "ಈ ಕಮಾಂಡ್ ಓಡಿಸು" ಎಂದರ್ಥ. ಅಡ್ಮಿನ್ ಅಧಿಕಾರದಲ್ಲಿ ಕಮಾಂಡ್ ಓಡಿಸುವ ಸುಡೊದ ಪಾಸ್‌ವರ್ಡ್ ಪ್ರಾಂಪ್ಟ್ [ಸುಡೊ] ಎಂದೇ ಶುರುವಾಗುತ್ತದೆ. ಅದನ್ನು ಹಾಗೇ ಡಬಲ್ ಕೋಟ್‌ನಲ್ಲಿ ಬರೆದರೆ "ಇನ್‌ವ್ಯಾಲಿಡ್ ಕಮಾಂಡ್ ನೇಮ್" ಎಂದು ಬೀಳುತ್ತದೆ. ಪಾಸ್‌ವರ್ಡಿನಲ್ಲಿ $ ಅಥವಾ [ ಇದ್ದರೂ ಇದೇ ಗತಿ. ಪಾಸ್‌ವರ್ಡನ್ನು ಸ್ಕ್ರಿಪ್ಟಿನೊಳಗೆ ಬರೆಯದೆ, 600 ಪರ್ಮಿಶನ್ ಇರುವ (ಮಾಲೀಕ ಮಾತ್ರ ಓದಬಲ್ಲ) ಫೈಲಿನಿಂದ ವೇರಿಯಬಲ್‌ಗೆ ಓದಿ ಕಳಿಸಿದರೆ ಈ ಕಾಟವಿಲ್ಲ, ವೇರಿಯಬಲ್ಲಿನ ಬೆಲೆಯನ್ನು ಟಿಸಿಎಲ್ ಎರಡನೇ ಸಲ ಬಿಡಿಸುವುದಿಲ್ಲ. ಸೆಂಡ್ ನಂತರ ಎರಡು ಮೈನಸ್ ಹಾಕುವುದು ರೂಢಿಯಾಗಲಿ, ಮೈನಸ್‌ನಿಂದ ಶುರುವಾಗುವ ಪಾಸ್‌ವರ್ಡ್ ಆಗ ಆಪ್ಶನ್ ಆಗಿಬಿಡುವುದಿಲ್ಲ. ಕರ್ಲಿ ಬ್ರಾಕೆಟ್ ತೆರೆಯುವುದು ಎಕ್ಸ್‌ಪೆಕ್ಟ್ ಪದ ಇರುವ ಸಾಲಿನಲ್ಲೇ ಆಗಬೇಕು, ಕೆಳಗಿನ ಸಾಲಿಗೆ ಇಳಿಸಿದರೆ ಅರ್ಥವೇ ಬೇರೆಯಾಗುತ್ತದೆ. ಶೆಲ್ ಸ್ಕ್ರಿಪ್ಟಿನ ಹಿಯರ್-ಡಾಕ್ (ಸ್ಕ್ರಿಪ್ಟಿನೊಳಗೇ ಬರೆದಿಟ್ಟ ಇನ್‌ಪುಟ್) ಒಳಗೆ ಎಕ್ಸ್‌ಪೆಕ್ಟ್ ಬರೆಯುವವರು ಅದರ ಗಡಿ ಗುರುತಿಸುವ ಇಒಎಫ್ ಪದಕ್ಕೆ ಸಿಂಗಲ್ ಕೋಟ್ ಹಾಕದಿದ್ದರೆ, ಡಾಲರ್‌ಗಳನ್ನೆಲ್ಲ ಶೆಲ್ ಮೊದಲೇ ನುಂಗಿರುತ್ತದೆ.

ದೂರದ ಯಂತ್ರಕ್ಕೆ ಲಾಗಿನ್ ಮಾಡಿಸುವ ಎಸ್‌ಎಸ್‌ಎಚ್, ಮೊದಲ ಸಲ ಆ ಯಂತ್ರದ ಗುರುತನ್ನು ನಂಬಲೇ ಎಂದು ಕೇಳುವ ಹೋಸ್ಟ್ ಕೀ ಪ್ರಶ್ನೆಯ ಬಗ್ಗೆ: "(ಎಸ್/ನೋ)?" ಎಂದು ಕಾಯುವ ಹಳೆಯ ಸ್ಕ್ರಿಪ್ಟ್‌ಗಳು ಓಪನ್‌ಎಸ್‌ಎಸ್‌ಎಚ್ 8.0ರ ನಂತರ ಹೊಂದುವುದಿಲ್ಲ, ಈಗ ಆ ಆವರಣದೊಳಗೆ "ಫಿಂಗರ್‌ಪ್ರಿಂಟ್" ಎಂಬ ಮೂರನೇ ಆಯ್ಕೆಯೂ ಬಂದಿದೆ. ಈ ಪ್ರಶ್ನೆಗೆ ಸ್ಕ್ರಿಪ್ಟ್ ಕಣ್ಣುಮುಚ್ಚಿ "ಎಸ್" ಎನ್ನುವುದು ನನಗೆ ಒಪ್ಪಿಗೆಯಿಲ್ಲ. ಪ್ರತಿ ಶಾಖೆಯ ಯಂತ್ರಕ್ಕೂ ಒಮ್ಮೆ ಕೈಯಾರೆ ಲಾಗಿನ್ ಆಗಿ, ಫಿಂಗರ್‌ಪ್ರಿಂಟ್ ತಾಳೆ ನೋಡಿ ಒಪ್ಪಿಕೊಂಡರೆ ಮುಂದೆ ಪ್ರಶ್ನೆ ಬರುವುದೇ ಇಲ್ಲ. ಆಮೇಲೂ ಬಂತೆಂದರೆ ಆ ದಿನ ಸ್ಕ್ರಿಪ್ಟ್ ನಿಲ್ಲಲೇಬೇಕು.

ಟೈಮ್‌ಔಟ್ ವಿಷಯದಲ್ಲಿ ಎಲ್ಲ ಹಂತಕ್ಕೂ ಒಂದೇ ಅಂಕಿ ಸರಿಹೋಗುವುದಿಲ್ಲ. ಲಾಗಿನ್‌ಗೆ 45 ಸೆಕೆಂಡ್ ಕೊಟ್ಟಿದ್ದೇನೆ, ಸಣ್ಣ ಪ್ರಶ್ನೆಗಳಿಗೆ 10 ಸಾಕು, ಡಂಪ್, ಅಂದರೆ ಬ್ಯಾಕಪ್ ಪ್ರತಿ, ತೆಗೆಯುವ ಹಂತಕ್ಕೆ 1800. ಅಲ್ಲಿ ಮೈನಸ್ 1 ಹಾಕಿ ಅನಂತಕಾಲ ಕಾಯಿಸುವುದು ಸುಲಭ. ಆದರೆ ಮೇ ತಿಂಗಳಲ್ಲಿ ರಾತ್ರಿ ಕರೆಂಟ್ ಹೋಗಿ ಶಾಖೆಯ ರೂಟರ್ ಆರಿದರೆ ಈ ಕಡೆಯ ಎಸ್‌ಎಸ್‌ಎಚ್‌ಗೆ ಅದು ಗೊತ್ತೇ ಆಗುವುದಿಲ್ಲ. ಸ್ಕ್ರಿಪ್ಟ್ ಹಾಗೇ ಕಾಯುತ್ತಿರುತ್ತದೆ, ಮರುದಿನ ರಾತ್ರಿ ಕ್ರಾನ್ ಅದರ ಮೇಲೆ ಇನ್ನೊಂದನ್ನು ಹತ್ತಿಸುತ್ತದೆ. ಎದುರಿನ ಯಂತ್ರ ಜೀವಂತವಿದೆಯೇ ಎಂದು ಆಗಾಗ ಕೇಳಿಸುವ ಎಸ್‌ಎಸ್‌ಎಚ್ ಸೆಟ್ಟಿಂಗ್‌ಗಳಾದ ಸರ್ವರ್-ಅಲೈವ್-ಇಂಟರ್ವಲ್ 15, ಕೌಂಟ್-ಮ್ಯಾಕ್ಸ್ 3 ಇಟ್ಟರೆ ಸುಮಾರು 45 ಸೆಕೆಂಡಿನಲ್ಲಿ ಸತ್ತ ಲಿಂಕ್ ಮುಚ್ಚಿ ಇಒಎಫ್ ಬರುತ್ತದೆ. ಕ್ರಾನ್ ಸಾಲಿಗೆ ಬೀಗ ಹಾಕುವ ಎಫ್‌ಲಾಕ್ ಮೈನಸ್-ಎನ್ ಸೇರಿಸಿದ್ದರಿಂದ ಎರಡು ಪ್ರತಿ ಒಟ್ಟಿಗೆ ಓಡುವುದಿಲ್ಲ.

ಕೈಯಲ್ಲಿ ಓಡಿಸಿದರೆ ಸರಿ, ಕ್ರಾನ್‌ನಲ್ಲಿ ತಪ್ಪು ಎಂದಾದರೆ ಪಾತ್ (ಕಮಾಂಡ್ ಹುಡುಕುವ ಜಾಗಗಳು), ಹೋಮ್ (ಬಳಕೆದಾರನ ಫೋಲ್ಡರ್), ಟರ್ಮ್ (ಟರ್ಮಿನಲ್‌ನ ಬಗೆ), ಭಾಷೆಯ ಸೆಟ್ಟಿಂಗ್ ಈ ನಾಲ್ಕನ್ನು ನೋಡುತ್ತೇನೆ. ಎಲ್‌ಸಿ-ಆಲ್ ಸಿ ಎಂದು ಸ್ಕ್ರಿಪ್ಟಿನಲ್ಲೇ ಇಟ್ಟುಬಿಟ್ಟರೆ ಸಂದೇಶಗಳ ಭಾಷೆ ಬದಲಾಗುವ ತಂಟೆಯಿಲ್ಲ.

ಡಂಪ್ ಪ್ರೋಗ್ರಾಂ ಸಾವಿರಾರು ಸಾಲು ಪ್ರಗತಿ ಬರೆಯುತ್ತದೆ. ಬಂದ ಪಠ್ಯವನ್ನು ಹೋಲಿಸಲು ಎಕ್ಸ್‌ಪೆಕ್ಟ್ ಇಟ್ಟುಕೊಳ್ಳುವ ಮ್ಯಾಚ್ ಬಫರ್ ನಾವು ಬದಲಿಸದಿದ್ದರೆ 2000 ಬೈಟ್ ಮಾತ್ರ, ತುಂಬಿದಾಗ ಹಳೆಯದು ಬಿದ್ದುಹೋಗುತ್ತದೆ. ಕೊನೆಯ ಸಾಲಿಗೆ ಕಾಯುವವರಿಗೆ ತೊಂದರೆಯಿಲ್ಲ. ಮಧ್ಯದಲ್ಲಿ ಬಂದ ಫೈಲ್ ಹೆಸರನ್ನು ಕೊನೆಯ ಸಾಲಿನ ಜೊತೆ ಒಂದೇ ಪ್ಯಾಟರ್ನ್‌ನಲ್ಲಿ ಹಿಡಿಯಬೇಕೆಂದರೆ ಮ್ಯಾಚ್-ಮ್ಯಾಕ್ಸ್ ಹೆಚ್ಚಿಸಬೇಕು, ನಾನು 20000 ಇಟ್ಟಿದ್ದೇನೆ.

ಕೊನೆಯಲ್ಲಿ ಇಒಎಫ್‌ಗೆ ಕಾದು, ವೇಟ್ ಕಮಾಂಡ್ ಕರೆದು, ಅದು ಕೊಡುವ ಪಟ್ಟಿಯ ನಾಲ್ಕನೇ ಅಂಶವನ್ನೇ (ಎದುರಿನ ಪ್ರೋಗ್ರಾಂನ ಎಗ್ಸಿಟ್ ಕೋಡನ್ನೇ) ಸ್ಕ್ರಿಪ್ಟಿನ ಎಗ್ಸಿಟ್ ಕೋಡ್ ಮಾಡುತ್ತೇನೆ. ಈಗ ಬೆಳಿಗ್ಗೆ ಲಾಗ್ ತೆರೆದರೆ 2 ಇದ್ದಲ್ಲಿ ಪ್ಯಾಟರ್ನ್ ನೋಡುತ್ತೇನೆ, 3 ಇದ್ದಲ್ಲಿ ಶಾಖೆಗೆ ಫೋನ್ ಮಾಡಿ ರಾತ್ರಿ ಕರೆಂಟ್ ಹೋಗಿತ್ತೇ ಎಂದು ಕೇಳುತ್ತೇನೆ, 255 ಇದ್ದರೆ, ಅದು ಎಸ್‌ಎಸ್‌ಎಚ್ ತಾನೇ ಸೋತಾಗ ಕೊಡುವ ಕೋಡ್, ಎಸ್‌ಎಸ್‌ಎಚ್ ಕಡೆಯಿಂದ ಶುರುಮಾಡುತ್ತೇನೆ.